ಮಸೆಗಲ್ಲಿನಿಂದ ಕರೆಂಟ್ ಸಾಣೆಗೆ

ಮಳಖೇಡದಲ್ಲಿ ಕಲ್ಲಿಗೆ ಬರವಿಲ್ಲ. ಹಳೆಯ ಮನೆಗಳ ನೆಲಕ್ಕೆ ಹಾಸಿದ್ದು ಕಲ್ಲು, ಮೆಟ್ಟಿಲು ಕಲ್ಲು, ಗೋಡೆ ಕಲ್ಲು, ಬಚ್ಚಲಿನ ಹಾಸೂ ಕಲ್ಲು. ಕಾಗಿಣಾ ನದಿಯ ದಂಡೆಯ ಈ ಊರಿನಿಂದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್‌ವರೆಗೆ ನೆಲದಡಿ ಹಬ್ಬಿರುವುದು ಪದರಪದರವಾಗಿ ಏಳುವ ಸುಣ್ಣಕಲ್ಲು. ಊರವರಿಗೆ ಅದು ಫರಸಿ. ಹೊರಗಿನವರಿಗೆ ಶಹಾಬಾದ್ ಕಲ್ಲು. ಅಡುಗೆಮನೆಯ ಚಾಕು ಮೊಂಡಾದಾಗ ಕೈ ಮೊದಲು ಹೋಗುವುದೂ ಈ ಫರಸಿಯ ಕಡೆಗೇ. ಮೆಟ್ಟಿಲ ಅಂಚಿಗೆ ನಾಲ್ಕು ಸಲ ಆ ಕಡೆ, ನಾಲ್ಕು ಸಲ ಈ ಕಡೆ ಉಜ್ಜಿದರೆ ಉಳ್ಳಾಗಡ್ಡಿ ಹೆಚ್ಚುವಷ್ಟು ಬಾಯಿ ಬರುತ್ತದೆ. ಆದರೆ ಮರುದಿನ ಅದೇ ಚಾಕು ಮತ್ತೆ ಮೊಂಡು.

ತಪ್ಪು ಕೈಯದಲ್ಲ, ಕಲ್ಲಿನದು. ಖನಿಜಗಳ ಗಡಸುತನವನ್ನು ಅಳೆಯಲು ಜರ್ಮನಿಯ ಫ್ರೆಡ್ರಿಕ್ ಮೋಸ್ 1812ರಲ್ಲಿ ಹತ್ತು ಮೆಟ್ಟಿಲುಗಳ ಒಂದು ಪಟ್ಟಿ ಮಾಡಿದ. ಒಂದು ವಸ್ತು ಇನ್ನೊಂದನ್ನು ಗೀರಬಲ್ಲದೇ ಎಂಬುದೇ ಅದರ ಲೆಕ್ಕ. ಸುಣ್ಣಕಲ್ಲಿನ ಮುಖ್ಯ ಖನಿಜವಾದ ಕ್ಯಾಲ್ಸೈಟ್ ಈ ಪಟ್ಟಿಯಲ್ಲಿ 3ನೆಯದು. ಹದಗೊಳಿಸಿದ ಚಾಕುವಿನ ಉಕ್ಕು ಸುಮಾರು 5.5ರಿಂದ 6.5ರಲ್ಲಿ ನಿಲ್ಲುತ್ತದೆ. ಹಾಗಾಗಿ ಫರಸಿಗೆ ಉಜ್ಜಿದಾಗ ಸವೆಯುವುದು ಹೆಚ್ಚಾಗಿ ಫರಸಿಯೇ. ಕಲ್ಲಿನಲ್ಲಿ ಬೆರೆತ ಸಿಲಿಕದ ಕಣಗಳು ಉಕ್ಕನ್ನು ಅಲ್ಪಸ್ವಲ್ಪ ಕೆರೆಯಬಹುದು. ಬಾಗಿ ಮಲಗಿದ ಅಲಗಿನ ಅಂಚು ತುಸು ಎದ್ದು ನಿಲ್ಲಬಹುದು. ಅಷ್ಟೇ. ಹೊಸ ಅಂಚು ಹುಟ್ಟುವುದಿಲ್ಲ.

ಹರಿತ ಮಾಡುವುದೆಂದರೆ ಚಾಕುವಿಗೆ ಏನನ್ನೋ ಸೇರಿಸುವುದಲ್ಲ, ಕಳೆಯುವುದು. ಅಲಗಿನ ಎರಡು ಮುಖಗಳು ಕೂಡುವ ಗೆರೆ ದುಂಡಗಾದರೆ ಅದು ಮೊಂಡು. ದುಂಡಗಾದ ಭಾಗವನ್ನು ಎರಡೂ ಕಡೆಯಿಂದ ಸವೆಸಿ ತೆಗೆದು, ಮುಖಗಳು ಮತ್ತೆ ಒಂದು ಗೆರೆಯಲ್ಲಿ ಕೂಡುವಂತೆ ಮಾಡಿದರೆ ಅದು ಹರಿತ. ಇದಕ್ಕೆ ಬೇಕಾದದ್ದು ಮೂರು: ಉಕ್ಕಿಗಿಂತ ಗಡಸಾದ ಕಲ್ಲು, ತಪ್ಪದ ಓರೆ, ಬಿಡದ ಚಲನೆ. ಕಲ್ಲನ್ನು ನಿಸರ್ಗ ಕೊಡುತ್ತಿತ್ತು, ಓರೆಯನ್ನು ಕೈ ಕಾಯುತ್ತಿತ್ತು, ಚಲನೆಯನ್ನು ತೋಳು ಒದಗಿಸುತ್ತಿತ್ತು. ಇಂದು ಅಡುಗೆಕಟ್ಟೆಯ ಮೇಲೆ ಕೂರುವ ವಿದ್ಯುತ್ ಸಾಣೆಯಂತ್ರ ಈ ಮೂರನ್ನೂ ಒಂದೇ ಪೆಟ್ಟಿಗೆಯೊಳಗೆ ತಂದಿದೆ. ಅದು ಅಲ್ಲಿಗೆ ಬಂದ ದಾರಿ ಮಾತ್ರ ಬಹಳ ಉದ್ದವಾದದ್ದು.

ಆ ದಾರಿಯ ಮೊದಲ ಗುರುತುಗಳಲ್ಲೊಂದು ಮಳಖೇಡದ ಕಲ್ಲಿನ ಬಳಗದಲ್ಲೇ ಸಿಕ್ಕಿದೆ. ಭೂವಿಜ್ಞಾನಿಗಳು ಈ ಸುಣ್ಣಕಲ್ಲಿನ ಸೀಮೆಯನ್ನು ಭೀಮಾ ಶಿಲಾಸಮೂಹ ಎನ್ನುತ್ತಾರೆ. ಅದೇ ಸಮೂಹದ ದಕ್ಷಿಣದ ಅಂಚಿನಲ್ಲಿ, ಯಾದಗಿರಿ ಜಿಲ್ಲೆಯ ಹುಣಸಗಿ ಬಳಿಯ ಇಸಾಂಪುರದಲ್ಲಿ, ಪುರಾತತ್ವಜ್ಞ ಕೆ. ಪದ್ದಯ್ಯ ಅವರ ತಂಡ ಆದಿಮಾನವರು ಕಲ್ಲಿನ ಆಯುಧ ತಯಾರಿಸುತ್ತಿದ್ದ ಜಾಗವೊಂದನ್ನು ಅಗೆದು ತೆಗೆಯಿತು. ಅಲ್ಲಿ ದೊರೆತ ಪ್ರಾಣಿಯ ಹಲ್ಲಿನ ಪರೀಕ್ಷೆಯಿಂದ ಆ ನೆಲೆಗೆ ಸುಮಾರು 12 ಲಕ್ಷ ವರ್ಷ ವಯಸ್ಸೆಂದು ಅಂದಾಜಿಸಲಾಗಿದೆ. ಆಯುಧಗಳ ಕಲ್ಲು ಸುಣ್ಣಕಲ್ಲೇ. ಆದರೆ ಸಿಲಿಕ ತುಂಬಿಕೊಂಡು ಗಟ್ಟಿಯಾದ ಸುಣ್ಣಕಲ್ಲು. ಹೊಡೆದರೆ ಅದು ಚೂಪಾದ ಚಕ್ಕೆಗಳಾಗಿ ಸಿಡಿಯುತ್ತದೆ. ಆ ಕಾಲದವರಿಗೆ ಮಸೆಯುವ ಕೆಲಸವಿರಲಿಲ್ಲ. ಚಕ್ಕೆ ಮೊಂಡಾದರೆ ಅಂಚಿನಿಂದ ಇನ್ನೊಂದು ಚೂರು ಹಾರಿಸಬೇಕು, ಇಲ್ಲವೇ ಹೊಸ ಚಕ್ಕೆ ಎಬ್ಬಿಸಬೇಕು.

ಮಸೆಯುವ ವಿದ್ಯೆ ನವಶಿಲಾಯುಗದ್ದು. ಬಳ್ಳಾರಿ ಬಳಿಯ ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದಲ್ಲಿ ಕಲ್ಲಿನ ಕೊಡಲಿಗಳ ದೊಡ್ಡ ಕಾರ್ಯಾಗಾರವೇ ಇತ್ತು. ಡೊಲೆರೈಟ್ ಎಂಬ ಕಪ್ಪು ಶಿಲೆಯನ್ನು ಕೊಡಲಿಯ ಆಕಾರಕ್ಕೆ ಒಡೆದು, ಬಳಿಕ ಬಂಡೆಗಳ ಮೇಲೆ ಉಜ್ಜಿ ಬಾಯಿ ತರುತ್ತಿದ್ದರು. ಹಾಗೆ ಉಜ್ಜಿದ ತೋಡುಗಳು ಅಲ್ಲಿನ ಬಂಡೆಗಳಲ್ಲಿ ಉಳಿದಿವೆ. ಮಸೆಗಲ್ಲಿನ ಇತಿಹಾಸದಲ್ಲಿ ಇದು ಕರ್ನಾಟಕದ ಹಳೆಯ ಪುಟ. ಒಡೆದು ಬಿಸಾಡುವ ಬದಲು ಇದ್ದ ಆಯುಧವನ್ನೇ ಮತ್ತೆ ಮತ್ತೆ ಹರಿತ ಮಾಡಿ ಬಳಸುವ ಉಳಿತಾಯದ ಬುದ್ಧಿ ಅಲ್ಲಿ ಕಾಣುತ್ತದೆ.

ಕಬ್ಬಿಣ ಬಂದ ಮೇಲೆ ಈ ಉಳಿತಾಯ ಇನ್ನಷ್ಟು ಅಗತ್ಯವಾಯಿತು. ಕಬ್ಬಿಣ ಕಲ್ಲಿನಂತೆ ಕಾಲ ಕೆಳಗೆ ಬಿದ್ದಿರುವುದಿಲ್ಲ. ಅದಿರು ಕರಗಿಸಿ, ಕಾಯಿಸಿ, ಬಡಿದು ಮಾಡಬೇಕು. ಹೀಗೆ ಬೆಲೆ ಬಂದ ಅಲಗನ್ನು ಕಾಪಾಡುವುದು ಪ್ರತ್ಯೇಕ ಕಸುಬೇ ಆಯಿತು. ನಮ್ಮ ಸಾಣೆ ಎಂಬ ಪದ ಸಂಸ್ಕೃತದ ಶಾಣದಿಂದ ಬಂದದ್ದು. ಭರ್ತೃಹರಿಯ ನೀತಿಶತಕದಲ್ಲಿ, ಕೃಶವಾದಾಗಲೇ ಶೋಭಿಸುವ ವಸ್ತುಗಳನ್ನು ಹೆಸರಿಸುವಾಗ ಸಾಣೆ ಹಿಡಿದ ಮಣಿಗೂ ಜಾಗ ಸಿಕ್ಕಿದೆ. ಸವೆತವೇ ಹೊಳಪಿಗೆ ಕಾರಣವೆಂಬುದು ಆಗಲೇ ಎಲ್ಲರಿಗೂ ತಿಳಿದ ಮಾತಾಗಿತ್ತು.

ಇದೇ ಮಳಖೇಡ ಒಂಬತ್ತನೆಯ ಶತಮಾನದಲ್ಲಿ ಮಾನ್ಯಖೇಟವಾಗಿ, ಅಮೋಘವರ್ಷ ನೃಪತುಂಗನ ರಾಜಧಾನಿಯಾಗಿ ಮೆರೆದ ಊರು. ‘ಕವಿರಾಜಮಾರ್ಗ’ ರೂಪುಗೊಂಡದ್ದು ಅವನ ಆಸ್ಥಾನದಲ್ಲಿ. 972ರಲ್ಲಿ ಪರಮಾರರ ಸೀಯಕ ನಗರವನ್ನು ಕೊಳ್ಳೆ ಹೊಡೆದ. ಕತ್ತಿಯ ಬಲದಿಂದ ಬೆಳೆದು ಕತ್ತಿಗೇ ತುತ್ತಾದ ರಾಜಧಾನಿಯಲ್ಲಿ ಅಲಗನ್ನು ಕಾಯುವ ಕೈಗಳಿಗೆ ಬಿಡುವು ಇದ್ದಿರಲಾರದು. 1347ರಲ್ಲಿ ಕಲಬುರಗಿ ಬಹಮನಿಗಳ ರಾಜಧಾನಿಯಾದ ಬಳಿಕ ಈ ಸೀಮೆಯ ಮಾತಿನಲ್ಲಿ ಪಾರಸಿ, ಅರಬ್ಬಿ ಪದಗಳು ಬೆರೆತವು. ಚಾಕು ಎಂಬ ಪದವೇ ಪಾರಸಿಯ ಮೂಲಕ ನಮಗೆ ದಕ್ಕಿದ್ದು. ಆಯುಧಗಳಿಗೆ ಹೊಳಪು ಕೊಡುವವನಿಗೆ ಪಾರಸಿಯಲ್ಲಿ ಸೈಕಲ್‌ಗರ್ ಎಂದು ಹೆಸರು. ಉತ್ತರ ಕರ್ನಾಟಕದಲ್ಲಿ ಇಂದಿಗೂ ಕೇಳಬರುವ ಶಿಕಲಗಾರ ಎಂಬ ಅಡ್ಡಹೆಸರಿನ ಮೂಲ ಅದೇ. ಎರಡು ಗಾಲಿಯ ಸೈಕಲ್ಲಿಗೂ ಆ ಪದಕ್ಕೂ ಸಂಬಂಧವಿಲ್ಲ. ಆದರೂ ಕೊನೆಗೆ ಸಾಣೆಯವನು ಸೈಕಲ್ಲನ್ನೇ ಏರಿದ್ದು ಇತಿಹಾಸದ ಒಂದು ತಮಾಷೆ.

ಗಾಲಿಗಿಂತ ಮುಂಚೆ ಕಲ್ಲಿನ ಮಾತು. ಉಕ್ಕನ್ನು ಸವೆಸಲು ಕ್ವಾರ್ಟ್ಜ್ ಕಣಗಳಿರುವ ಮರಳುಗಲ್ಲು ಸಾಕು. ಅದರ ಗಡಸುತನ 7. ಅದಕ್ಕಿಂತ ಮೇಲಿನದು 9ನೆಯ ಮೆಟ್ಟಿಲಿನ ಕುರುಂದ. ಹಳೆ ಮೈಸೂರು ಸೀಮೆಯಲ್ಲಿ ಸಿಗುವ ಈ ಕಲ್ಲಿಗೆ ಇಂಗ್ಲಿಷಿನವರು ಇಟ್ಟುಕೊಂಡ ಕೊರಂಡಮ್ ಎಂಬ ಹೆಸರೂ ದಕ್ಷಿಣ ಭಾರತದಿಂದಲೇ ಹೋದದ್ದು. ಕುರುಂದವನ್ನು ಕುಟ್ಟಿ ಪುಡಿಮಾಡಿ, ಕರಗಿದ ಅರಗಿನಲ್ಲಿ ಕಲಸಿ, ಗಾಲಿಯ ಆಕಾರಕ್ಕೆ ಒತ್ತಿದರೆ ಸಾಣೆಚಕ್ರ ಸಿದ್ಧ. ಒಬ್ಬ ತೊಗಲಿನ ಪಟ್ಟಿಯನ್ನು ಹಿಂದಕ್ಕೂ ಮುಂದಕ್ಕೂ ಎಳೆದು ಚಕ್ರ ತಿರುಗಿಸುವನು, ಇನ್ನೊಬ್ಬ ಅಲಗನ್ನು ಹಿಡಿಯುವನು. ಗಡಸು ಪುಡಿ, ಅದನ್ನು ಹಿಡಿದಿಡುವ ಅಂಟು, ತಿರುಗುವ ಗಾಲಿ: ಇಂದಿನ ಕಾರ್ಖಾನೆಗಳ ಸಾಣೆಚಕ್ರದ ಸೂತ್ರವೂ ಇದೇ.

ಹಳ್ಳಿಗಳಲ್ಲಿ ಕುಡುಗೋಲು, ಕೊಡಲಿ, ಕುಂಟೆಯ ಕುಡಗಳ ಹೊಣೆ ಕಂಬಾರನದು. ಮೊಂಡಾದುದನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು, ಹದ ಹಾಕಿ ಕೊಡುತ್ತಿದ್ದ. ಸುಗ್ಗಿಯಲ್ಲಿ ಜೋಳದ ರೂಪದಲ್ಲಿ ಆಯ ಪಡೆಯುತ್ತಿದ್ದ. ಪೇಟೆಯ ಮನೆಗಳ ಚಾಕು, ಕತ್ತರಿಗಳಿಗೆ ಓಣಿ ಓಣಿ ತಿರುಗುವ ಸಾಣೆಯವನು ಬರುತ್ತಿದ್ದ. ಸೈಕಲ್ಲನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಸೀಟಿನ ಮೇಲೆ ಕೂತು ಪೆಡಲ್ ತುಳಿದರೆ ಎದುರಿನ ಕಲ್ಲು ತಿರುಗುತ್ತದೆ. ಕಾಲಿಗೆ ಚಲನೆಯ ಹೊಣೆ ಹೋದದ್ದರಿಂದ ಎರಡೂ ಕೈಗಳು ಅಲಗಿನ ಓರೆಗೆ ಬಿಡುವಾದವು. ಇಬ್ಬರ ಕೆಲಸ ಒಬ್ಬನಿಗೆ ಇಳಿಯಿತು.

ಆದರೆ ಈ ಭಾಗದ ಅಡುಗೆಮನೆಯ ಮುಖ್ಯ ಆಯುಧ ಬಹುಕಾಲ ಚಾಕುವಾಗಿರಲಿಲ್ಲ, ಈಳಿಗೆಯಾಗಿತ್ತು. ಮಣೆಗೆ ನೆಟ್ಟ ಬಾಗಿದ ಅಲಗಿನ ಮುಂದೆ ಫರಸಿಯ ಮೇಲೆ ಕೂತು, ಮಣೆಯನ್ನು ಕಾಲಿನಿಂದ ಒತ್ತಿ, ಬದನೆಕಾಯಿಯನ್ನೋ ಪುಂಡಿ ಸೊಪ್ಪನ್ನೋ ಎರಡೂ ಕೈಯಲ್ಲಿ ಅಲಗಿಗೆ ಒಡ್ಡುವುದು ಅದರ ಕ್ರಮ. ಈಳಿಗೆಯಲ್ಲಿ ಅಲಗು ನಿಂತಿರುತ್ತದೆ, ಕಾಯಿ ಚಲಿಸುತ್ತದೆ. ಚಾಕುವಿನಲ್ಲಿ ಕಾಯಿ ನಿಂತಿರುತ್ತದೆ, ಅಲಗು ಚಲಿಸುತ್ತದೆ. ಒಲೆ ನೆಲದಿಂದ ಕಟ್ಟೆಗೆ ಏರಿ, ಗ್ಯಾಸು ಬಂದು, ಅಡುಗೆ ನಿಂತು ಮಾಡುವ ಕೆಲಸವಾದಾಗ ಈಳಿಗೆ ಮೂಲೆ ಸೇರಿತು, ಚಾಕು ಕೈಗೆ ಬಂತು. ವಿದ್ಯುತ್ ಸಾಣೆಯಂತ್ರ ಬಂದದ್ದು ಈ ನಿಂತ ಅಡುಗೆಮನೆಗೆ. ಅದರ ಸೀಳುಗಂಡಿಯಲ್ಲಿ ಈಳಿಗೆಯ ಅಲಗು ಹೋಗುವುದಿಲ್ಲ.

ಹರಿತದ ಕೆಲಸಕ್ಕೆ ವಿದ್ಯುತ್ತು ಎರಡು ಸಲ ಕೈಹಾಕಿದೆ. ಮೊದಲ ಸಲ ಅದು ಕಲ್ಲನ್ನೇ ತಯಾರಿಸಿತು. 1891ರಲ್ಲಿ ಅಮೆರಿಕದ ಎಡ್ವರ್ಡ್ ಆಚೆಸನ್ ಜೇಡಿ ಮತ್ತು ಕೋಕಿನ ಮಿಶ್ರಣವನ್ನು ವಿದ್ಯುತ್ತಿನಿಂದ ಕಾಯಿಸಿದಾಗ ಹೊಳೆಯುವ ಹರಳುಗಳು ಸಿಕ್ಕವು. ಅದು ಸಿಲಿಕಾನ್ ಕಾರ್ಬೈಡ್, ಕುರುಂದಕ್ಕಿಂತಲೂ ಗಡಸು. ಕಾರ್ಬೊರಂಡಮ್ ಎಂಬ ಹೆಸರಿನಲ್ಲಿ ಅದು ಲೋಕವನ್ನೆಲ್ಲ ಸುತ್ತಿತು. 1954ರಲ್ಲಿ ಮದರಾಸಿನಲ್ಲಿ ಕಾರ್ಬೊರಂಡಮ್ ಯೂನಿವರ್ಸಲ್ ಕಂಪೆನಿ ಆರಂಭವಾಯಿತು. ಅಂಗಡಿಯಲ್ಲಿ ಸಿಗುವ, ಒಂದು ಮುಖ ಒರಟು ಇನ್ನೊಂದು ಮುಖ ನಯವಾದ ಬೂದುಬಣ್ಣದ ಮಸೆಗಲ್ಲು ಹೆಚ್ಚಾಗಿ ಈ ವಸ್ತುವಿನದೇ.

ಎರಡನೆಯ ಸಲ ವಿದ್ಯುತ್ತು ಮೋಟಾರಾಗಿ ಬಂದು ಕಲ್ಲನ್ನು ತಿರುಗಿಸಿತು. ಆರಂಭದ ಮನೆಯಂತ್ರಗಳಲ್ಲಿ ದೊಡ್ಡ ಕೊರತೆಯೊಂದಿತ್ತು. ಚಲನೆ ಯಂತ್ರದ್ದಾದರೂ ಓರೆ ಬಳಸುವವರ ಕೈಯಲ್ಲೇ ಉಳಿದಿತ್ತು. ವೇಗವಾಗಿ ತಿರುಗುವ ಒರಟು ಕಲ್ಲಿಗೆ ಅಂದಾಜಿನಲ್ಲಿ ಒಡ್ಡಿದ ಚಾಕು ಬೇಗ ಕೆಡುತ್ತಿತ್ತು. 1980ರ ದಶಕದ ನಡುವೆ ಅಮೆರಿಕದ ಎಡ್ಜ್‌ಕ್ರಾಫ್ಟ್ ಕಂಪೆನಿ ವಜ್ರದ ಪುಡಿ ಲೇಪಿಸಿದ ಬಿಲ್ಲೆಗಳನ್ನೂ ಅಲಗನ್ನು ಸರಿಯಾದ ಓರೆಯಲ್ಲಿ ಹಿಡಿಯುವ ಗಂಡಿಗಳನ್ನೂ ಒಂದುಗೂಡಿಸಿದ ಮೇಲೆ ಈ ತೊಡಕು ನೀಗಿತು. ಸಾಣೆಯವನ ಮಣಿಕಟ್ಟಿನ ಜಾಣ್ಮೆ ಸೀಳುಗಂಡಿಯೊಳಗೆ ಸೇರಿತು.

ಈ ಯಂತ್ರಗಳಲ್ಲಿ ಸಾಮಾನ್ಯವಾಗಿ ಎರಡು ಅಥವಾ ಮೂರು ಹಂತದ ಗಂಡಿಗಳಿರುತ್ತವೆ. ಒರಟು ಬಿಲ್ಲೆ ಅಂಚನ್ನು ಹೊಸದಾಗಿ ಕಡೆಯುತ್ತದೆ, ನಯವಾದದ್ದು ಗೀರುಗಳನ್ನು ಅಳಿಸುತ್ತದೆ, ಕೊನೆಯದು ಹೊಳಪು ಕೊಡುತ್ತದೆ. ಓರೆ ಒಂದೊಂದು ಬದಿಗೆ 15 ಇಲ್ಲವೇ 20 ಡಿಗ್ರಿ. ಮೊದಲು ಚಾಕುವನ್ನು ತೊಳೆದು ಒರೆಸಬೇಕು. ಮೋಟಾರು ಚಾಲೂ ಮಾಡಿದ ಬಳಿಕ ಅಲಗನ್ನು ಹಿಡಿಯ ಕಡೆಯಿಂದ ಮೊನೆಯವರೆಗೆ ಒಂದೇ ವೇಗದಲ್ಲಿ ಎಳೆಯಬೇಕು. ಎಡದ ಗಂಡಿಯಲ್ಲಿ ಒಮ್ಮೆ, ಬಲದ ಗಂಡಿಯಲ್ಲಿ ಒಮ್ಮೆ. ಒತ್ತಬಾರದು, ಚಾಕುವಿನ ಭಾರವೇ ಸಾಕು. ಗಂಡಿಯೊಳಗೆ ನಿಲ್ಲಿಸಿದರೆ ಅಲ್ಲಿ ಹಳ್ಳ ಬೀಳುತ್ತದೆ. ಒಂದು ಬದಿ ಸವೆದಾಗ ಇನ್ನೊಂದು ಬದಿಗೆ ಕೂದಲೆಳೆಯಷ್ಟು ತೆಳುವಾದ ಉಕ್ಕಿನ ಎಸಳು ಮಗುಚುತ್ತದೆ. ಅದು ಮೊನೆಯವರೆಗೂ ಬೆರಳ ತುದಿಗೆ ತಾಕಿದರೆ ಒರಟು ಹಂತ ಮುಗಿದಂತೆ. ಬೆರಳನ್ನು ಅಲಗಿನ ಉದ್ದಕ್ಕೆ ಓಡಿಸದೆ, ಬೆನ್ನಿನಿಂದ ಅಂಚಿನಾಚೆಗೆ ಸವರಿ ನೋಡಬೇಕು. ಆ ಎಸಳನ್ನು ತೆಗೆಯುವುದು ನಯವಾದ ಹಂತದ ಕೆಲಸ. ಕೊನೆಗೆ ಉಕ್ಕಿನ ಪುಡಿ ಹೋಗುವಂತೆ ಚಾಕುವನ್ನು ಒರೆಸಿ ತೊಳೆಯಬೇಕು. ಹಣ್ಣು ಟೊಮೆಟೊದ ಸಿಪ್ಪೆ ಒತ್ತದೆಯೇ ಕತ್ತರಿಸಿದರೆ ಕೆಲಸ ಸರಿಯಾಗಿದೆ ಎಂದರ್ಥ.

ಹರಿತವಾದ ಚಾಕು ಅಪಾಯವೆಂಬ ಹೆದರಿಕೆ ಅನೇಕರಲ್ಲಿದೆ. ನಿಜವಾಗಿ ಬೆರಳು ಕೊಯ್ದುಕೊಳ್ಳುವುದು ಮೊಂಡು ಚಾಕುವಿನಿಂದ. ಅದಕ್ಕೆ ಹೆಚ್ಚು ಬಲ ಬೇಕು. ಬಲ ಹಾಕಿದಾಗ ಅಲಗು ಕಾಯಿಯ ಮೇಲೆ ಜಾರಿ ಬೆರಳಿಗೆ ಬರುತ್ತದೆ.

ಯಂತ್ರಕ್ಕೂ ಮಿತಿಗಳಿವೆ. ಹದ ಹಾಕಿದ ಉಕ್ಕು ಅತಿಯಾಗಿ ಕಾದರೆ ಮೆದುವಾಗುತ್ತದೆ. ಅಂಚಿನಲ್ಲಿ ನೀಲಿ ಬಣ್ಣ ಕಂಡರೆ ಶಾಖ ಸುಮಾರು 300 ಡಿಗ್ರಿ ಮುಟ್ಟಿದೆ, ಅಲ್ಲಿ ಹದ ಕೆಟ್ಟಿದೆ ಎಂದೇ ತಿಳಿಯಬೇಕು. ಬ್ರೆಡ್ ಕೊಯ್ಯುವ ಹಲ್ಲುಚಾಕು ಸಾಮಾನ್ಯ ಗಂಡಿಗಳಲ್ಲಿ ಹಲ್ಲು ಕಳೆದುಕೊಳ್ಳುತ್ತದೆ. ಒಂದೇ ಬದಿ ಓರೆಯಿರುವ ಚಾಕುವಿಗೂ ಈ ಗಂಡಿಗಳು ಹೊಂದುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಸವೆತದ ಲೆಕ್ಕ. ಗುಂಡಿ ಒತ್ತಿದರೆ ಹರಿತ ಸಿಗುವಾಗ ವಾರವಾರವೂ ಒರಟು ಗಂಡಿಗೆ ಚಾಕು ಇಳಿಸುವ ಚಪಲ ಹುಟ್ಟುತ್ತದೆ. ಪ್ರತಿ ಸಲವೂ ಒಂದಿಷ್ಟು ಉಕ್ಕು ಪುಡಿಯಾಗಿ ಹೋಗುತ್ತದೆ, ಅಲಗು ಕಿರಿದಾಗುತ್ತದೆ. ಚಾಕು ಬೆನ್ನಿನ ಕಡೆಗೆ ದಪ್ಪವಾಗುತ್ತ ಹೋಗುವುದರಿಂದ ಹೊಸ ಅಂಚು ದಿನೇದಿನೇ ದಪ್ಪ ಭಾಗದಲ್ಲಿ ಮೂಡುತ್ತದೆ. ಮುಟ್ಟಿದರೆ ಹರಿತ, ಕೊಯ್ದರೆ ಭಾರ ಎನ್ನುವ ಸ್ಥಿತಿ ಬರುವುದು ಹೀಗೆ. ಓಣಿಗೆ ಅಪರೂಪಕ್ಕೆ ಬರುತ್ತಿದ್ದ ಸಾಣೆಯವನ ಲೆಕ್ಕದಲ್ಲಿ ಈ ದುಂದು ಇರಲಿಲ್ಲ. ಅಂಚನ್ನು ನೋಡಿ, ಎಷ್ಟು ಸಾಕು ಎಂದು ಕೈ ನಿಲ್ಲಿಸುವುದೂ ಅವನ ಕಸುಬಿನ ಭಾಗವಾಗಿತ್ತು. ಯಂತ್ರ ಓರೆಯನ್ನು ಕಲಿತಿದೆ, ನಿಲ್ಲಿಸುವುದನ್ನು ಕಲಿತಿಲ್ಲ. ಆ ಹೊಣೆ ಮನೆಯವರದು.

ಒರಟು ಗಂಡಿ ವರ್ಷಕ್ಕೆ ಒಂದೆರಡು ಸಲ ಸಾಕು. ನಡುವಿನ ದಿನಗಳಲ್ಲಿ ಹೆಚ್ಚಾಗಿ ಅಂಚು ಸವೆದಿರುವುದಿಲ್ಲ, ಬಾಗಿರುತ್ತದೆ ಅಷ್ಟೇ. ಅದನ್ನು ನೇರ ಮಾಡಲು ನಯವಾದ ಗಂಡಿಯಲ್ಲಿ ಒಮ್ಮೆ ಎಳೆದರಾಯಿತು. ಕರೆಂಟು ಹೋಗಿದ್ದರೆ ಪಿಂಗಾಣಿ ಬಟ್ಟಲನ್ನು ಬೋರಲು ಹಾಕಿ, ಅಡಿಯ ಹೊಳಪಿಲ್ಲದ ಬಳೆಯ ಮೇಲೆ ಎರಡು ಸಲ ಸವರಿದರೂ ನಡೆಯುತ್ತದೆ. ಆ ಬಳೆ ಉಕ್ಕಿಗಿಂತ ಗಡಸು. ಮಳಖೇಡದ ಮನೆಯಲ್ಲಿ ಆ ಕೆಲಸಕ್ಕೆ ಮೆಟ್ಟಿಲ ಫರಸಿಯೂ ಒಂದು ದಿನದ ಮಟ್ಟಿಗೆ ಆದೀತು. ಕೆರೆಯುವ ಶಕ್ತಿ ಇಲ್ಲದ ಆ ಮೆದು ಕಲ್ಲಿನಿಂದ ಚಾಕುವಿನ ಆಯುಸ್ಸಿಗೆ ಧಕ್ಕೆಯೇನೂ ಇಲ್ಲ. ತಲೆಮಾರುಗಳಿಂದ ಅಲಗು ಸವರಿಸಿಕೊಂಡ ಮೆಟ್ಟಿಲ ಅಂಚು ಮಾತ್ರ ನುಣ್ಣಗೆ ಹಳ್ಳ ಬಿದ್ದಿರುತ್ತದೆ.