ಮುಗ್ಧನ ಸಾಕ್ಷ್ಯ: ಮೂವತ್ತು ವರ್ಷಗಳ ಯುದ್ಧ ಮತ್ತು ‘ಸಿಂಪ್ಲಿಸಿಸ್ಸಿಮುಸ್’ ಕಾದಂಬರಿ

ಸಾಹಿತ್ಯಕೃತಿಯೊಂದನ್ನು ಚರಿತ್ರೆಯ ಆಕರವೆಂದು ಎಷ್ಟರಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆ ಕನ್ನಡದ ಇತಿಹಾಸ ಸಂಶೋಧಕರಿಗೆ ಹೊಸದಲ್ಲ. ಗೋವಿಂದವೈದ್ಯನ ‘ಕಂಠೀರವ ನರಸರಾಜ ವಿಜಯ’ವನ್ನು ಕೈಗೆತ್ತಿಕೊಂಡವರೆಲ್ಲ ಅದರ ಯುದ್ಧವರ್ಣನೆಯಲ್ಲಿ ಕವಿಸಮಯವೆಷ್ಟು, ಕಂಡದ್ದೆಷ್ಟು ಎಂದು ಜರಡಿ ಹಿಡಿದವರೇ. ಆ ಕಾವ್ಯ ರಚಿತವಾದದ್ದು 1648ರಲ್ಲಿ. ಅದೇ ವರ್ಷ ಯುರೋಪಿನಲ್ಲಿ ವೆಸ್ಟ್‌ಫೇಲಿಯಾ ಒಪ್ಪಂದಗಳಾಗಿ, 1618ರಿಂದ ಜರ್ಮನ್ ನಾಡುಗಳನ್ನು ಸುಟ್ಟ ಮೂವತ್ತು ವರ್ಷಗಳ ಯುದ್ಧ ಮುಗಿಯಿತು. ಈ ಎರಡರ ನಡುವೆ ಕಾಲದ ಹೊರತು ಬೇರೆ ನಂಟಿಲ್ಲ. ಆದರೆ ಆಕರದ ಪ್ರಶ್ನೆ ಎರಡೂ ಕಡೆ ಒಂದೇ. ಜರ್ಮನಿಯಲ್ಲಿ ಅದು ಇನ್ನಷ್ಟು ವಿಚಿತ್ರವಾದ ರೂಪ ತಾಳಿತು. ಅಲ್ಲಿ ಆ ಯುದ್ಧದ ಅತ್ಯಂತ ಪ್ರಸಿದ್ಧ ಸಾಕ್ಷಿಯೆಂದು ಹೆಸರಾದುದು ಪ್ರಶಸ್ತಿಕಾವ್ಯವಲ್ಲ, ಬಖೈರಲ್ಲ. ಏನೂ ಅರಿಯದ, ದೇವರಲ್ಲಿ ಭಯಭಕ್ತಿಯುಳ್ಳ ಒಬ್ಬ ಪೆದ್ದ ಹುಡುಗ ಬೆಳೆದು ದೊಡ್ಡವನಾಗುವ ಕಥೆಯನ್ನು ನಗೆಯಾಡುತ್ತ ಹೇಳುವ ಕಾದಂಬರಿ.

‘ಸಿಂಪ್ಲಿಸಿಸ್ಸಿಮುಸ್’ ಎಂದು ಸಂಕ್ಷೇಪವಾಗಿ ಕರೆಯಲಾಗುವ ಈ ಕೃತಿ ನ್ಯೂರೆಂಬರ್ಗ್‌ನ ಫೆಲ್ಸೆಕ್ಕರ್ ಮುದ್ರಣಾಲಯದಲ್ಲಿ 1668ರಲ್ಲಿ ಅಚ್ಚಾಯಿತು. ಮುಖಪುಟದ ಮೇಲಿದ್ದ ವರ್ಷ 1669. ಊರು, ಮುದ್ರಕ, ಲೇಖಕ ಎಲ್ಲವೂ ಸುಳ್ಳು. ಲೇಖಕನ ಹೆಸರನ್ನು ಅಕ್ಷರಪಲ್ಲಟ ಮಾಡಿ ಬೇರೊಬ್ಬನಂತೆ ತೋರಿಸಲಾಗಿತ್ತು. ಆ ತೆರೆ ಎಷ್ಟು ಗಟ್ಟಿಯಾಗಿತ್ತೆಂದರೆ, ಕರ್ತೃ ಹನ್ಸ್ ಯಾಕೋಬ್ ಕ್ರಿಸ್ಟೋಫೆಲ್ ಫಾನ್ ಗ್ರಿಮ್ಮೆಲ್ಸ್‌ಹೌಸೆನ್ ಎಂಬುದು ವಿದ್ವಾಂಸರಿಗೆ ಖಚಿತವಾದದ್ದು 1830ರ ದಶಕದ ಕೊನೆಯಲ್ಲಿ. ಅಲ್ಲಿಯವರೆಗೆ ಸುಮಾರು 170 ವರ್ಷ ಓದುಗರು ಈ ಕಥೆಯನ್ನು ಒಬ್ಬ ಅಲೆಮಾರಿಯ ಆತ್ಮವೃತ್ತವೆಂಬಂತೆ ಓದಿದ್ದರು.

ಗ್ರಿಮ್ಮೆಲ್ಸ್‌ಹೌಸೆನ್ ಹುಟ್ಟಿದ್ದು 1622ರ ಸುಮಾರಿಗೆ, ಗೆಲ್ನ್‌ಹೌಸೆನ್ ಎಂಬ ಸಣ್ಣ ಪಟ್ಟಣದ ಪ್ರಾಟೆಸ್ಟಂಟ್ ಮನೆತನದಲ್ಲಿ. 1634ರ ಸೆಪ್ಟೆಂಬರಿನಲ್ಲಿ ನ್ಯೋರ್ಡ್‌ಲಿಂಗೆನ್ ಕದನದಲ್ಲಿ ಸ್ವೀಡಿಷರು ಸೋತ ಮೇಲೆ ಚಕ್ರವರ್ತಿಯ ಸೈನ್ಯ ಆ ಪಟ್ಟಣವನ್ನು ಸೂರೆಮಾಡಿತು. ಹದಿಹರೆಯದ ಹುಡುಗ ಸೈನ್ಯದ ಕೈಗೆ ಸಿಕ್ಕಿದ. ಮುಂದೆ ಓಫೆನ್‌ಬುರ್ಗ್ ಕೋಟೆಯಲ್ಲಿ ದಳದ ಕರಣಿಕನಾದ. ಕ್ಯಾಥೊಲಿಕ್ ಮತಕ್ಕೆ ಸೇರಿದ. 1649ರಲ್ಲಿ ಮದುವೆಯಾಗಿ ತನ್ನ ಸೇನಾಧಿಕಾರಿಯ ಮನೆತನದ ಜಮೀನುಗಳಿಗೆ ಪಾರುಪತ್ತೆಗಾರನಾದ. ಗೈಸ್‌ಬಾಖ್ ಎಂಬ ಹಳ್ಳಿಯಲ್ಲಿ ಪಾನಗೃಹ ನಡೆಸಿದ. 1667ರಲ್ಲಿ ರೆಂಖೆನ್ ಎಂಬ ಊರಿಗೆ, ನಮ್ಮ ಪಟೇಲಿಕೆಗೆ ಸಮೀಪವೆನ್ನಬಹುದಾದ ಹುದ್ದೆಗೆ ನೇಮಕಗೊಂಡ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದ ಈ ಮನುಷ್ಯ ತನಗೆ ಸಿಕ್ಕಿದ ಪುಸ್ತಕವನ್ನೆಲ್ಲ ಓದಿದ್ದನೆಂಬುದು ಅವನ ಬರಹದಿಂದಲೇ ಸಿದ್ಧವಾಗುತ್ತದೆ. ಅವನ ಕಾದಂಬರಿಯನ್ನು ಸಾಕ್ಷ್ಯವೆಂದು ಒಪ್ಪುವಾಗ ಈ ಸಂಗತಿಯನ್ನು ಮರೆಯಲಾಗದು.

ಕಥೆ ಆರಂಭವಾಗುವುದು ಸ್ಪೆಸ್ಸಾರ್ಟ್ ಕಾಡಿನ ಸೀಮೆಯ ಒಂದು ಒಕ್ಕಲು ಮನೆಯಲ್ಲಿ. ಕುರಿ ಕಾಯುವ ಹುಡುಗನಿಗೆ ಹೆಸರೇ ಇಲ್ಲ. ತೋಳ ಬಂದೀತು, ಜೋಕೆ ಎಂದು ಸಾಕಿದಪ್ಪ ಎಚ್ಚರಿಸಿದ್ದಾನೆ. ತೋಳ ಹೇಗಿರುತ್ತದೆಂದು ಹುಡುಗನಿಗೆ ಗೊತ್ತಿಲ್ಲ. ಆದ್ದರಿಂದ ಕವಚ ತೊಟ್ಟ ಕುದುರೆ ಸವಾರರು ಬಂದಾಗ, ಸವಾರನೂ ಕುದುರೆಯೂ ಸೇರಿ ಒಂದೇ ಪ್ರಾಣಿ, ಅದೇ ತೋಳ ಎಂದು ಬಗೆಯುತ್ತಾನೆ. ಮುಂದಿನ ಲೂಟಿಯ ದೃಶ್ಯ ವಿಶ್ವಸಾಹಿತ್ಯದಲ್ಲಿ ಹೆಸರಾದುದು. ಸೈನಿಕರು ಬಟ್ಟೆಬರೆಗಳನ್ನು ಗಂಟು ಕಟ್ಟುವುದನ್ನು ಕಂಡು ಇವರು ಹಳೆಬಟ್ಟೆಯ ಅಂಗಡಿ ತೆರೆಯಬಹುದೆಂದು ಹುಡುಗ ಊಹಿಸುತ್ತಾನೆ. ಹಿತ್ತಲಲ್ಲಿ ಒಣಸೌದೆ ರಾಶಿಯಿದ್ದರೂ ಮಂಚಗಳನ್ನೇ ಮುರಿದು ಉರಿಹಾಕುವುದು, ಮಡಕೆಕುಡಿಕೆ ಒಡೆಯುವುದು ಅವನಿಗೆ ವಿಚಿತ್ರವಾದ ಗೃಹಕೃತ್ಯವಾಗಿ ತೋರುತ್ತದೆ. ಸಾಕಿದಪ್ಪನ ಕೈಕಾಲು ಕಟ್ಟಿ, ಅಂಗಾಲಿಗೆ ಉಪ್ಪುನೀರು ಸವರಿ ಮೇಕೆಯಿಂದ ನೆಕ್ಕಿಸುತ್ತಾರೆ. ಆತ ನಗುತ್ತ ನಗುತ್ತ ಹೂತಿಟ್ಟ ಹಣದ ಜಾಗ ಹೇಳುತ್ತಾನೆ. ಅಪ್ಪ ನಗುವುದನ್ನು ಕಂಡು ಹುಡುಗನೂ ನಗುತ್ತಾನೆ. ಮನೆಯ ಹೆಂಗಸರಿಗೆ ಏನಾಯಿತೆಂಬುದು ಮಾತ್ರ ತನಗೆ ಸರಿಯಾಗಿ ತಿಳಿಯದೆಂದು ಹೇಳಿ, ಮೂಲೆಗಳಿಂದ ಕೇಳಿದ ಕೂಗನ್ನಷ್ಟೇ ದಾಖಲಿಸುತ್ತಾನೆ.

ಇಲ್ಲಿಯ ಹಾಸ್ಯದ ಕ್ರಮವನ್ನು ಗಮನಿಸಬೇಕು. ಹುಡುಗ ಏನನ್ನೂ ಮುಚ್ಚಿಡುವುದಿಲ್ಲ. ಕಂಡದ್ದಕ್ಕೆ ತನಗೆ ತಿಳಿದ ಹೆಸರು ಕೊಡುತ್ತಾನೆ, ಅಷ್ಟೆ. ಕ್ರೌರ್ಯವೆಂಬ ಪದ ಅವನಲ್ಲಿಲ್ಲ, ಓದುಗನಲ್ಲಿದೆ. ಚಿತ್ರಹಿಂಸೆಯ ವಿವರಗಳೂ ಕಟ್ಟುಕಥೆಯಲ್ಲ. ಬಾಯಿಗೆ ಗೊಬ್ಬರದ ಗಂಜಲ ಹುಯ್ಯುವ ‘ಸ್ವೀಡಿಷ್ ಪಾನ’ ಎಂಬ ಹಿಂಸೆಯ ಉಲ್ಲೇಖ ಆ ಕಾಲದ ಬೇರೆ ಬರಹಗಳಲ್ಲೂ ಸಿಗುತ್ತದೆ. ನಾನ್ಸಿ ನಗರದ ಚಿತ್ರಕಾರ ಜಾಕ್ ಕಾಲೋ 1633ರಲ್ಲಿ ಪ್ರಕಟಿಸಿದ ಯುದ್ಧದ ದುರವಸ್ಥೆಗಳ 18 ಎರಕಚಿತ್ರಗಳಲ್ಲಿ ಇಂಥದೇ ಒಕ್ಕಲು ಮನೆಯ ಲೂಟಿಯಿದೆ.

ಓಡಿಹೋದ ಹುಡುಗನಿಗೆ ಕಾಡಿನಲ್ಲಿ ಒಬ್ಬ ತಪಸ್ವಿ ಸಿಗುತ್ತಾನೆ. ದೇವರನ್ನು ಬಲ್ಲೆಯಾ ಎಂದು ಕೇಳಿದರೆ, ಬಲ್ಲೆ, ಅವನು ನಮ್ಮನೆಯ ಬಾಗಿಲ ಮೇಲಿದ್ದಾನೆ, ಅವ್ವ ಜಾತ್ರೆಯಿಂದ ತಂದು ಅಂಟಿಸಿದ್ದಳು ಎನ್ನುತ್ತಾನೆ. ತಪಸ್ವಿ ಅವನಿಗೆ ‘ಸಿಂಪ್ಲಿಸಿಯುಸ್’, ಅಂದರೆ ಸರಳ, ಎಂದು ಹೆಸರಿಟ್ಟು ಓದು, ಬರಹ, ಪ್ರಾರ್ಥನೆ ಕಲಿಸಿ ತೀರಿಕೊಳ್ಳುತ್ತಾನೆ. ಹೀಗೆ ಬೈಬಲ್ಲನ್ನು ಮಾತ್ರ ಬಲ್ಲ, ಲೋಕವನ್ನು ಕಾಣದ ತರುಣ ಹಾನೌ ಕೋಟೆಗೆ ಬರುತ್ತಾನೆ. ಆ ಕೋಟೆಯನ್ನು ಸ್ವೀಡಿಷರ ಪರವಾಗಿ ಆಳುತ್ತಿದ್ದ ಸ್ಕಾಟ್ಲೆಂಡಿನ ರ‍್ಯಾಮ್ಸೆ ನಿಜವಾದ ಐತಿಹಾಸಿಕ ವ್ಯಕ್ತಿ. ಅವನ ಪರಿವಾರವೆಲ್ಲ ಕ್ರೈಸ್ತರೇ. ಆದರೆ ಒಬ್ಬನ ದೇವರು ಹಣದ ಪೆಟ್ಟಿಗೆಯಲ್ಲಿ, ಇನ್ನೊಬ್ಬನದು ಹೊಟ್ಟೆಯಲ್ಲಿ, ಮತ್ತೊಬ್ಬನದು ಕೀರ್ತಿಯಲ್ಲಿ ಇರುವುದನ್ನು ಕಂಡು ತರುಣ ಬೆರಗಾಗುತ್ತಾನೆ. ಏಸುವಿನ ಮಾತನ್ನು ಉಲ್ಲೇಖಿಸಿ ಹೀಗೇಕೆಂದು ಕೇಳಿದಾಗಲೆಲ್ಲ ಸಭೆ ನಗುತ್ತದೆ. ಕೊನೆಗೆ ಅವನಿಗೆ ಕರುವಿನ ಚರ್ಮ ತೊಡಿಸಿ ಆಸ್ಥಾನದ ವಿದೂಷಕನನ್ನಾಗಿ ಮಾಡುತ್ತಾರೆ. ಧರ್ಮಕ್ಕಾಗಿ ಹೋರಾಡುತ್ತಿದ್ದೇವೆಂದು ಹೇಳುವ ಕೋಟೆಯೊಳಗೆ ಧರ್ಮವನ್ನು ಅಕ್ಷರಶಃ ನಂಬಿದವನೊಬ್ಬನೇ ಕರುವಾಗಿ ಉಳಿಯುತ್ತಾನೆ.

ಈ ಕೃತಿ ಚರಿತ್ರೆಕಾರರ ಕೈಯಲ್ಲಿ ಏನಾಯಿತೆಂಬುದು ಬೇರೆಯೇ ಕಥೆ. ಗುಸ್ತಾವ್ ಫ್ರೈಟಾಗ್ 1859ರಿಂದ 1867ರವರೆಗೆ ಪ್ರಕಟಿಸಿದ, ಜರ್ಮನ್ ಗತಕಾಲದ ಚಿತ್ರಗಳ ಜನಪ್ರಿಯ ಸಂಪುಟಗಳಲ್ಲಿ ಗ್ರಿಮ್ಮೆಲ್ಸ್‌ಹೌಸೆನ್ನನ ಬಣ್ಣಗಳನ್ನು ಧಾರಾಳವಾಗಿ ಬಳಸಿದ. ಒಂದು ಮನೆಯ ಲೂಟಿ ಇಡೀ ನಾಡಿನ ಸ್ಥಿತಿಯ ಚಿತ್ರವಾಯಿತು. ಕಾದಂಬರಿಯ ನಗೆ ಮಾತ್ರ ಎಲ್ಲೋ ಕಳೆದುಹೋಯಿತು. 1940ರಲ್ಲಿ ಗ್ಯುಂಟರ್ ಫ್ರಾಂಟ್ಸ್ ಹಳ್ಳಿಗಾಡಿನ ಜನಸಂಖ್ಯೆಯ ಶೇ. 40, ಪಟ್ಟಣಗಳ ಶೇ. 33 ಭಾಗ ನಾಶವಾಯಿತೆಂದು ಲೆಕ್ಕ ಕೊಟ್ಟ. ಆತ ನಾತ್ಸಿ ಆಳ್ವಿಕೆಗೆ ಒಲಿದ ವಿದ್ವಾಂಸನೆಂಬುದನ್ನೂ ಇಲ್ಲಿ ಹೇಳಲೇಬೇಕು. ಇದಕ್ಕೆ ಪ್ರತಿಯಾಗಿ ಎಸ್. ಎಚ್. ಸ್ಟೈನ್‌ಬರ್ಗ್ ಎರಡನೆಯ ಮಹಾಯುದ್ಧದ ನಂತರ, ಸರ್ವನಾಶದ ಕಥೆಯೇ ಒಂದು ಮಿಥ್ಯೆಯೆಂದು ವಾದಿಸಿದರು. ಇಂದಿನ ಅಂದಾಜುಗಳು ಇವೆರಡರ ನಡುವೆ ಇವೆ. ನಷ್ಟ ಭಾರಿಯಾದುದು, ಆದರೆ ಪ್ರದೇಶದಿಂದ ಪ್ರದೇಶಕ್ಕೆ ತೀರ ಬೇರೆಯಾದುದು ಎಂಬುದರಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ನನ್ನ ದೃಷ್ಟಿಯಲ್ಲಿ ಫ್ರೈಟಾಗ್‌ನ ಪರಂಪರೆಯವರೂ ಅವರನ್ನು ವಿರೋಧಿಸಿದವರೂ ಕಾದಂಬರಿಯನ್ನು ಒಂದೇ ಪ್ರಶ್ನೆಯಿಂದ ಅಳೆದರು: ಇಲ್ಲಿರುವುದು ನಡೆದದ್ದೇ? ಆ ಪ್ರಶ್ನೆಗೆ ಈ ಕೃತಿ ಒಳ್ಳೆಯ ಸಾಕ್ಷಿಯಲ್ಲ.

ಅದಕ್ಕೆ ವಿಟ್‌ಸ್ಟಾಕ್ ಕದನಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ. 1636ರ ಅಕ್ಟೋಬರ್ 4ರಂದು ಬಾನೇರ್‌ನ ಸ್ವೀಡಿಷ್ ಸೈನ್ಯ ಚಕ್ರವರ್ತಿ ಮತ್ತು ಸ್ಯಾಕ್ಸನಿಯ ಸೇನೆಗಳನ್ನು ಸೋಲಿಸಿತು. ಕಾದಂಬರಿಯ ಎರಡನೆಯ ಭಾಗದಲ್ಲಿ ಇದರ ವರ್ಣನೆಯಿದೆ. ಕಣ್ಣಾರೆ ಕಂಡವನ ಬರಹವೆಂದು ಅದನ್ನು ಬಹುಕಾಲ ಹೊಗಳಲಾಗಿತ್ತು. ಆದರೆ ಅದರ ಮುಖ್ಯ ಭಾಗಗಳು ಇಂಗ್ಲಿಷ್ ಕವಿ ಫಿಲಿಪ್ ಸಿಡ್ನಿಯ ‘ಆರ್ಕೇಡಿಯ’ ಎಂಬ ಕಲ್ಪಿತ ಕಥೆಯ ಜರ್ಮನ್ ಅನುವಾದದಿಂದ ಎತ್ತಿಕೊಂಡವು ಎಂದು ಸಂಶೋಧಕರು ಇಪ್ಪತ್ತನೆಯ ಶತಮಾನದಲ್ಲಿ ತೋರಿಸಿಕೊಟ್ಟರು. ಅಂದರೆ ಯುದ್ಧದ ನಡುವೆಯೇ ಬೆಳೆದವನೊಬ್ಬ ಯುದ್ಧವನ್ನು ವರ್ಣಿಸಲು ಪುಸ್ತಕ ತೆರೆದ. 2007ರಲ್ಲಿ ಅದೇ ವಿಟ್‌ಸ್ಟಾಕ್ ಬಳಿ ಸಾಮೂಹಿಕ ಗೋರಿಯೊಂದು ದೊರೆತು, 125 ಸೈನಿಕರ ಅಸ್ಥಿಗಳು ಬೆಳಕಿಗೆ ಬಂದವು. ಹಲ್ಲು-ಮೂಳೆಗಳ ಪರೀಕ್ಷೆಯಿಂದ ಅವರಲ್ಲಿ ಸ್ಕಾಟ್ಲೆಂಡ್, ಸ್ವೀಡನ್, ಫಿನ್ಲೆಂಡ್ ಮೂಲದವರಿದ್ದರೆಂದು, ಹಲವರ ಬಾಲ್ಯ ಅರೆಹೊಟ್ಟೆಯಲ್ಲಿ ಕಳೆದಿತ್ತೆಂದು ತಿಳಿಯಿತು. ಸತ್ತವರು ಯಾರೆಂಬುದಕ್ಕೆ ಈ ಮೂಳೆಗಳು ಕಾದಂಬರಿಗಿಂತ ಮಿಗಿಲಾದ ಆಕರ. ಅವರು ಏನೆಂದುಕೊಂಡು ಹೋರಾಡಿದರು ಎಂಬುದನ್ನು ಮೂಳೆ ಹೇಳಲಾರದು.

ದಿನಚರಿ ಹೇಳೀತೇ? ಬರ್ಲಿನ್ನಿನ ರಾಜ್ಯ ಗ್ರಂಥಾಲಯದಲ್ಲಿ ಯಾನ್ ಪೀಟರ್ಸ್ ಪತ್ತೆಹಚ್ಚಿ 1993ರಲ್ಲಿ ಪ್ರಕಟಿಸಿದ ದಿನಚರಿಯೊಂದಿದೆ. ಪೀಟರ್ ಹಾಗೆಂಡೋರ್ಫ್ ಎಂಬ ಬಾಡಿಗೆ ಸೈನಿಕನದೆಂದು ಗುರುತಿಸಲಾದ ಅದರಲ್ಲಿ ಸುಮಾರು ಇಪ್ಪತ್ತೈದು ವರ್ಷಗಳ, ಇಪ್ಪತ್ತು ಸಾವಿರ ಕಿ.ಮೀ.ಗೂ ಮೀರಿದ ನಡಿಗೆಯ ಲೆಕ್ಕವಿದೆ. ತೀರಿಹೋದ ತನ್ನ ಮಕ್ಕಳ ಹೆಸರಿನ ಪಕ್ಕದಲ್ಲಿ ಆತ ಶಿಲುಬೆ ಬರೆದು ಸದ್ಗತಿ ಕೋರುತ್ತಾನೆ, ಅವನು ನಾಸ್ತಿಕನಲ್ಲ. 1634ರಲ್ಲಿ ಲಾಂಡ್ಸ್‌ಹುಟ್ ಪಟ್ಟಣವನ್ನು ಹಿಡಿದಾಗ ತನಗೆ ಸಿಕ್ಕಿದ ಕೊಳ್ಳೆಯನ್ನೂ ಬರೆಯುತ್ತಾನೆ: ಒಬ್ಬ ಚೆಲುವೆ ಹುಡುಗಿ, 12 ಟಾಲರ್ ಹಣ, ಬಟ್ಟೆಬರೆ. ಹುಡುಗಿಗೂ ಹಣಕ್ಕೂ ಒಂದೇ ಸಾಲು. ಶಿಲುಬೆಯ ಗುರುತಿಗೂ ಈ ಸಾಲಿಗೂ ನಡುವೆ ಏನಾದರೂ ತೊಡಕಿದೆಯೆಂದು ಆ ಬರವಣಿಗೆಗೆ ಅನಿಸಿದಂತೆ ಕಾಣುವುದಿಲ್ಲ. ನಂಬಿಕೆಗೂ ನಡತೆಗೂ ಇದ್ದ ಅಂತರ ಒಳಗಿದ್ದವರಿಗೆ ಕಾಣದಷ್ಟು ಸಹಜವಾಗಿತ್ತು. ಅದನ್ನು ಕಾಣಲು ಲೋಕವ್ಯವಹಾರ ಅರಿಯದ ಒಬ್ಬ ಭಕ್ತ ಹುಡುಗ ಬೇಕಾಯಿತು. ಅಂಥವನು ಆ ಸೇನೆಗಳಲ್ಲಿ ಬದುಕುಳಿಯುವಂತಿರಲಿಲ್ಲವಾದ್ದರಿಂದ ಅವನನ್ನು ಕಲ್ಪಿಸಿಕೊಳ್ಳಬೇಕಾಯಿತು. ಕೃತಿಯ ಚಾರಿತ್ರಿಕ ಮೌಲ್ಯವನ್ನು ನಾನು ಕಾಣುವುದು ಅದರ ಯುದ್ಧವರ್ಣನೆಯಲ್ಲಲ್ಲ, ಈ ಕಲ್ಪನೆಯ ಅಗತ್ಯದಲ್ಲಿ.

ಆದರೆ ಗ್ರಿಮ್ಮೆಲ್ಸ್‌ಹೌಸೆನ್ ತನ್ನ ನಾಯಕನನ್ನು ಮುಗ್ಧನಾಗಿಯೇ ಉಳಿಸುವುದಿಲ್ಲ. ಸಿಂಪ್ಲಿಸಿಯುಸ್ ಬೆಳೆಯುತ್ತಾನೆ, ಅಂದರೆ ಕೆಡುತ್ತಾನೆ. ಜೋಸ್ಟ್ ಸೀಮೆಯಲ್ಲಿ ಹಸಿರುಡುಗೆಯ ಹೆಸರಾಂತ ಲೂಟಿಗಾರನಾಗುತ್ತಾನೆ. ಲಿಪ್‌ಸ್ಟಾಟ್‌ನ ಪಾದ್ರಿಯೊಬ್ಬ ನೀನು ಯಾವ ಪಂಥದವನೆಂದು ಒತ್ತಾಯಿಸಿ ಕೇಳಿದಾಗ, ಪೀಟರನ ಪಕ್ಷವೂ ಅಲ್ಲ, ಪೌಲನ ಪಕ್ಷವೂ ಅಲ್ಲ, ಶ್ರದ್ಧಾಪ್ರಮಾಣದ ಹನ್ನೆರಡು ವಚನಗಳನ್ನಷ್ಟೇ ನಂಬುತ್ತೇನೆ ಎಂಬರ್ಥದ ಉತ್ತರ ಕೊಡುತ್ತಾನೆ. ಪಂಥದ ಹೆಸರಿನಲ್ಲಿ ಊರುಗಳು ಉರಿದು ಇಪ್ಪತ್ತೇ ವರ್ಷ ಕಳೆದಿದ್ದಾಗ ಈ ಮಾತನ್ನು ಅಚ್ಚುಹಾಕಿಸಲು ಸುಳ್ಳು ಹೆಸರು ಬೇಕಾದದ್ದು ಸಹಜವೇ. ಮುಂದೆ ಗೆಳೆಯ ಹರ್ಟ್ಸ್‌ಬ್ರೂಡರ್‌ನೊಡನೆ ಸ್ವಿಟ್ಜರ್ಲೆಂಡಿನ ಐನ್‌ಸೀಡೆಲ್ನ್ ಕ್ಷೇತ್ರಕ್ಕೆ ಯಾತ್ರೆ ಹೊರಡುತ್ತಾನೆ. ಪಾದರಕ್ಷೆಯಲ್ಲಿ ಬಟಾಣಿ ಹಾಕಿಕೊಂಡು ನಡೆಯುವುದು ವ್ರತ. ಗೆಳೆಯನ ಕಾಲು ಹುಣ್ಣಾಗುತ್ತದೆ, ಇವನದು ಆಗುವುದಿಲ್ಲ. ಇವನು ಬಟಾಣಿಯನ್ನು ಬೇಯಿಸಿಕೊಂಡಿದ್ದ! ಲೂಟಿಯ ದಿನ ನಕ್ಕ ಹುಡುಗನ ನಗೆಗೂ ಈ ನಗೆಗೂ ಎಷ್ಟು ಅಂತರ ಬಿದ್ದಿದೆ ನೋಡಿ. ಅದೇ ಯಾತ್ರೆಯಲ್ಲಿ ಸ್ವಿಟ್ಜರ್ಲೆಂಡಿನ ಶಾಂತಿ ಅವನನ್ನು ದಿಗ್ಭ್ರಮೆಗೊಳಿಸುತ್ತದೆ. ಜನ ನಿರ್ಭಯವಾಗಿ ಓಡಾಡುತ್ತಾರೆ, ಕೊಟ್ಟಿಗೆ ತುಂಬ ದನಗಳಿವೆ. ಆ ನಾಡು ಅವನಿಗೆ ಬ್ರೆಜಿಲ್ ಅಥವಾ ಚೀನಾ ದೇಶದಷ್ಟು ಅಪರಿಚಿತವಾಗಿ ತೋರುತ್ತದೆ. ಯುದ್ಧದಲ್ಲೇ ಹುಟ್ಟಿ ಬೆಳೆದ ಒಂದು ತಲೆಮಾರಿಗೆ ಶಾಂತಿ ಏನೆಂದು ತಿಳಿದಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ಪ್ರಮಾಣವನ್ನು ನಾನು ಬೇರೆ ಆಕರಗಳಲ್ಲಿ ಕಂಡಿಲ್ಲ.

ಐದನೆಯ ಭಾಗದ ಕೊನೆಯಲ್ಲಿ ಸಿಂಪ್ಲಿಸಿಯುಸ್ ಲೋಕಕ್ಕೆ ವಿದಾಯ ಹೇಳಿ ಕಾಡು ಸೇರುತ್ತಾನೆ. ತನ್ನನ್ನು ಸಲಹಿದ ತಪಸ್ವಿಯೇ ತನ್ನ ಹೆತ್ತ ತಂದೆಯೆಂಬುದು ಅಷ್ಟರಲ್ಲಿ ಅವನಿಗೆ ತಿಳಿದಿದೆ. ಆ ವಿದಾಯದ ಮಾತುಗಳೂ ಸ್ಪೇನಿನ ಗೆವಾರಾ ಎಂಬ ಬಿಷಪ್ಪನ ಗ್ರಂಥದಿಂದ ತಂದವು. 1669ರ ಮುಂದುವರಿಕೆಯಲ್ಲಿ ಅವನು ನಿರ್ಜನ ದ್ವೀಪವೊಂದನ್ನು ಸೇರಿ, ಮರಳಲು ಒಪ್ಪದೆ ಅಲ್ಲೇ ಉಳಿಯುತ್ತಾನೆ. ಡಿಫೋನ ‘ರಾಬಿನ್ಸನ್ ಕ್ರೂಸೋ’ ಬಂದದ್ದು ಇದಾದ ಐವತ್ತು ವರ್ಷಗಳ ಮೇಲೆ. ಲೇಖಕನಿಗೆ ಅಂಥ ದ್ವೀಪ ಸಿಗಲಿಲ್ಲ. 1670ರ ದಶಕದಲ್ಲಿ ಫ್ರೆಂಚ್ ಯುದ್ಧ ಮತ್ತೆ ರೈನ್ ನದಿಯ ಸೀಮೆಗೆ ಬಂತು. 1675ರ ಜುಲೈನಲ್ಲಿ ಫ್ರೆಂಚ್ ಸೇನಾನಿ ಟ್ಯುರೆನ್ ಗುಂಡೇಟಿಗೆ ಬಿದ್ದ ಸಾಸ್‌ಬಾಖ್ ರೆಂಖೆನ್ನಿನ ನೆರೆಯಲ್ಲೇ ಇದೆ. ಗ್ರಿಮ್ಮೆಲ್ಸ್‌ಹೌಸೆನ್ ತೀರಿಕೊಂಡದ್ದು 1676ರ ಆಗಸ್ಟ್ 17ರಂದು. ರೆಂಖೆನ್ ಇಗರ್ಜಿಯ ಮರಣದಾಖಲೆಯಲ್ಲಿ ಅವನ ಸಾವಿನ ಜೊತೆಗೆ ಇನ್ನೊಂದು ಸಂಗತಿಯನ್ನೂ ಲ್ಯಾಟಿನ್ನಿನಲ್ಲಿ ಬರೆದಿಟ್ಟಿದ್ದಾರೆ: ಯುದ್ಧದ ಗೊಂದಲದಿಂದ ಅಲ್ಲಲ್ಲಿ ಚದುರಿಹೋಗಿದ್ದ ಅವನ ಮಕ್ಕಳೆಲ್ಲ ಆ ದಿನ ಆಕಸ್ಮಿಕವಾಗಿ ಅಲ್ಲಿ ಒಟ್ಟುಗೂಡಿದ್ದರು.