ಕಾಲಾಣೆಯ ಮೇಲೆ ಇಲ್ಲದ ರಾಜ

ಹೋದ ತಿಂಗಳು ಊರಿಗೆ ಹೋಗಿದ್ದಾಗ ಅಟ್ಟ ಗುಡಿಸುವ ಕೆಲಸ ನನ್ನ ಪಾಲಿಗೆ ಬಂತು. ಧೂಳಿನ ಜೊತೆಗೆ ಸಿಕ್ಕಿದ್ದು ತುಕ್ಕು ಹಿಡಿದ ಒಂದು ಬೋರ್ನ್‌ವಿಟಾ ಡಬ್ಬಿ. ಅಲ್ಲಾಡಿಸಿದರೆ ಝಣಝಣ! ಒಳಗೆ ಹಳೇ ಕಾಲಾಣೆಗಳು.

"ನಿಮ್ಮ ತಾತ ಕೂಡಿಟ್ಟಿದ್ದು ಕಣೋ. ಈಗ ಅದಕ್ಕೆ ಒಂದು ಕಡ್ಲೆಮಿಠಾಯೀನೂ ಬರಲ್ಲ, ತಗೊಂಡ್ಹೋಗು" ಅಂದರು ಅಜ್ಜಿ.

ಬೆಂಗಳೂರಿಗೆ ತಂದು, ಹುಣಸೆಹಣ್ಣು ಹಾಕಿ ತಿಕ್ಕಿ (ಹಾಗೆ ಮಾಡಬಾರದು ಅಂತ ಆಮೇಲೆ ಗೊತ್ತಾಯ್ತು), ಇಸವಿ ಪ್ರಕಾರ ಸಾಲಾಗಿ ಜೋಡಿಸಿದೆ. ಇಡೀ ದಿನ ಡೇಟಾ ವಿಂಗಡಿಸುವವನಿಗೆ ಇನ್ನೇನು ತೋಚುತ್ತೆ ಹೇಳಿ? 1936ರ ತನಕ ಐದನೇ ಜಾರ್ಜ್. ಆಮೇಲೆ ಸೀದಾ 1938, ಅದರಲ್ಲಿ ಆರನೇ ಜಾರ್ಜ್. ಇಬ್ಬರ ಮಧ್ಯೆ ಒಬ್ಬ ರಾಜ ಇರಬೇಕಿತ್ತಲ್ಲ, ಎಲ್ಲಿ ಹೋದ?

ಅವನೇ ಎಂಟನೇ ಎಡ್ವರ್ಡ್. 1936ರ ಜನವರಿ 20ರಿಂದ ಡಿಸೆಂಬರ್ 11ರವರೆಗೆ ಬ್ರಿಟನ್ನಿನ ರಾಜ, ನಮ್ಮ ಪಾಲಿಗೆ ಚಕ್ರವರ್ತಿ. ಯುವರಾಜನಾಗಿದ್ದಾಗ, 1922ರ ಜನವರಿಯಲ್ಲಿ, ನಾಲ್ವಡಿಯವರ ಅತಿಥಿಯಾಗಿ ಮೈಸೂರಿಗೂ ಬಂದು ಹೋಗಿದ್ದ. ಆದರೆ ಅವನ ಮುಖವಿರುವ ಒಂದು ನಾಣ್ಯವಾಗಲಿ, ಅಂಚೆಚೀಟಿಯಾಗಲಿ ಭಾರತದಲ್ಲಿ ಚಲಾವಣೆಗೆ ಬರಲೇ ಇಲ್ಲ. ಆಫ್ರಿಕಾದ ಕೆಲವು ವಸಾಹತುಗಳ ತೂತುಕಾಸಿನ ಮೇಲೆ ಹೆಸರು ಮಾತ್ರ ಬಂತು. ನಮ್ಮ ಬ್ರಿಟಿಷ್ ಸರ್ಕಾರದ ನಾಣ್ಯಗಳ ಮೇಲೆ ಅದೂ ಇಲ್ಲ.

"ಪ್ರೀತಿಗಾಗಿ ಸಿಂಹಾಸನ ಬಿಟ್ಟವನು" ಅಂತ ಅವನ ಕಥೆ ಎಲ್ಲರಿಗೂ ಅಷ್ಟಿಷ್ಟು ಗೊತ್ತು. ನನಗೂ ಅಷ್ಟೇ ಗೊತ್ತಿತ್ತು. ಆದರೆ ಓದುತ್ತಾ ಹೋದಂತೆ ನನ್ನನ್ನು ಹಿಡಿದು ಕೂರಿಸಿದ್ದು ಡಿಸೆಂಬರಿನ ಸಿಂಹಾಸನತ್ಯಾಗವಲ್ಲ, ಅದಕ್ಕೆ ನಾಲ್ಕು ತಿಂಗಳ ಮುಂಚಿನ ಒಂದು ಬೇಸಿಗೆ ರಜೆ.

1936ರ ಆಗಸ್ಟ್. ಮೊದಲು ರಾಜ ಫ್ರಾನ್ಸಿನ ದಕ್ಷಿಣ ತೀರದಲ್ಲಿ ಮನೆ ಹಿಡಿದು ರಜೆ ಕಳೆಯುವವನಿದ್ದ. ಜುಲೈನಲ್ಲಿ ಪಕ್ಕದ ಸ್ಪೇನಿನಲ್ಲಿ ಅಂತರ್ಯುದ್ಧ ಶುರುವಾಗಿ ಅದು ಕೈಬಿಟ್ಟಿತು. ಸರಿ, ಹಡಗಿನಲ್ಲೇ ಸುತ್ತೋಣ ಅಂತ 'ನಾಹ್ಲಿನ್' ಎಂಬ ವಿಹಾರನೌಕೆಯನ್ನು ಬಾಡಿಗೆಗೆ ಹಿಡಿದ. ವೆನಿಸ್‌ನಲ್ಲಿ ಹತ್ತುವುದಕ್ಕೆ ಸರ್ಕಾರ ಬೇಡ ಅಂತು, ಮುಸೊಲಿನಿ ಆಗಷ್ಟೇ ಅಬಿಸೀನಿಯಾ ನುಂಗಿದ್ದ. ಹಾಗಾಗಿ ರೈಲಿನಲ್ಲಿ ಯುಗೋಸ್ಲಾವಿಯಾಕ್ಕೆ ಹೋಗಿ (ಈಗಿನ ಕ್ರೊವೇಷಿಯಾ) ಶಿಬೆನಿಕ್ ಬಂದರಿನಲ್ಲಿ ಆಗಸ್ಟ್ 10ರಂದು ಹಡಗು ಹತ್ತಿದ. 'ಡ್ಯೂಕ್ ಆಫ್ ಲ್ಯಾಂಕಾಸ್ಟರ್' ಅಂತ ಬೇರೆ ಹೆಸರು. ಏನು ಪ್ರಯೋಜನ? ಬಂದರಿನ ತುಂಬ ಜನವೋ ಜನ! ಜೊತೆಗೆ ಕಾವಲಿಗೆ ನೌಕಾಪಡೆಯ ಎರಡು ಯುದ್ಧನೌಕೆಗಳು ಬೇರೆ. ಖಾಸಗಿ ರಜೆ ಅಂದರೆ ಇದು :-)

ಅವನ ಜೊತೆಗಿದ್ದವಳು ವಾಲಿಸ್ ಸಿಂಪ್ಸನ್. ಅಮೆರಿಕದವಳು, ಒಮ್ಮೆ ವಿಚ್ಛೇದನವಾಗಿ ಮರುಮದುವೆಯಾದವಳು. ಎರಡನೇ ಗಂಡ ಅರ್ನೆಸ್ಟ್ ಸಿಂಪ್ಸನ್ ಈ ಪ್ರವಾಸದಲ್ಲಿರಲಿಲ್ಲ.

ಈ ಹಡಗಿನ ಕಥೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಅದರಲ್ಲಿ ನಮ್ಮದೂ ಪಾಲಿದೆ. ಸುಮಾರು 300 ಅಡಿ ಉದ್ದದ ನಾಹ್ಲಿನ್‌ಗೆ ಹಾಯಿ ಇರಲಿಲ್ಲ, ಓಡುತ್ತಿದ್ದದ್ದು ಹಬೆಯಿಂದ. 1930ರಲ್ಲಿ ಸ್ಕಾಟ್‌ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿ, 'ಕ್ವೀನ್ ಮೇರಿ' ಹಡಗು ಕಟ್ಟಿದ ಜಾನ್ ಬ್ರೌನ್ ಕಂಪೆನಿಯೇ ಇದನ್ನೂ ಕಟ್ಟಿತು. ಕಟ್ಟಿಸಿದವಳು ಲೇಡಿ ಯೂಲ್. ಅವಳ ಗಂಡ ಸರ್ ಡೇವಿಡ್ ಯೂಲ್ ಕಲ್ಕತ್ತೆಯ ಆಂಡ್ರ್ಯೂ ಯೂಲ್ ಕಂಪೆನಿಯ ದೊರೆ. ಸೆಣಬು, ಚಹಾ, ಕಲ್ಲಿದ್ದಲು, ಎಲ್ಲದರಲ್ಲೂ ಕೈ ಆಡಿಸಿ, ಅಪಾರ ಆಸ್ತಿ ಬಿಟ್ಟು 1928ರಲ್ಲಿ ತೀರಿಕೊಂಡಿದ್ದ. (ಆ ಕಂಪೆನಿ 1979ರಲ್ಲಿ ಭಾರತ ಸರ್ಕಾರದ್ದಾಯಿತು.) ಬಂಗಾಳದ ರೈತ ಸೊಂಟದುದ್ದ ನೀರಿನಲ್ಲಿ ನಿಂತು ಸೆಣಬು ಕೊಳೆಸಿ ನಾರು ಬಿಡಿಸಿದ, ಅದು ಗೋಣಿಚೀಲವಾಯಿತು, ಚೀಲ ದುಡ್ಡಾಯಿತು, ದುಡ್ಡು ಹಡಗಾಯಿತು. ಆ ಹಡಗಿನ ಮೇಲೆ ಆ ರೈತನ ಚಕ್ರವರ್ತಿ ಬಿಸಿಲು ಕಾಯಿಸಿಕೊಂಡ!

ಪ್ರಯಾಣ ಮಾತ್ರ ಆರಾಮಾಗಿ ನಡೆಯಿತು. ಡಾಲ್ಮೇಷಿಯಾದ ತೀರ ನೋಡಿದವರಿಗೆ ಗೊತ್ತಿರುತ್ತೆ: ಸಾವಿರಕ್ಕೂ ಮೀರಿದ ದ್ವೀಪ ಮತ್ತು ಬಂಡೆಗಳು, ಒಂದರ ಹಿಂದೆ ಒಂದು. ಕೊರ್ಚುಲಾ, ಡುಬ್ರೊವ್ನಿಕ್, ಬೆಟ್ಟಗಳ ನಡುವೆ ಒಳಗೆ ನುಗ್ಗಿದ ಕೊಟೊರ್ ಕೊಲ್ಲಿ. ಎಲ್ಲಿ ಮನಸ್ಸು ಬಂತೋ ಅಲ್ಲಿ ಲಂಗರು, ಈಜು, ದೋಣಿ, ಊರೊಳಗೆ ಸುತ್ತಾಟ. ಅಂಗಿಯಿಲ್ಲದೆ ಬರೀ ಚಡ್ಡಿಯಲ್ಲಿ ಓಡಾಡುವ ರಾಜನನ್ನು ನೋಡಿ ಆಸ್ಥಾನದ ಹಿರಿಯರಿಗೆ ಮುಜುಗರವೋ ಮುಜುಗರ. ಆಗಿನ ಯುದ್ಧಮಂತ್ರಿ ಡಫ್ ಕೂಪರ್ ಮತ್ತವನ ಹೆಂಡತಿ ಡಯಾನಾ ಕೂಡ ಹಡಗಿನಲ್ಲಿದ್ದರು. ಡಯಾನಾಳ ಕಣ್ಣು ಬಹಳ ಚುರುಕು. ರಾಜನ ಕೊರಳಲ್ಲಿ ತೂಗುತ್ತಿದ್ದ ಪುಟ್ಟ ಶಿಲುಬೆಗಳು, ಅಂಥವೇ ವಾಲಿಸ್ ಬಳಿಯೂ ಇದ್ದದ್ದು, ಎಲ್ಲ ಅವಳ ಪತ್ರಗಳಲ್ಲಿವೆ. ಒಂದು ರಾತ್ರಿ ವಾಲಿಸ್‌ಳ ಉಡುಪಿನ ಅಂಚು ಕುರ್ಚಿಯ ಕಾಲಿಗೆ ಸಿಕ್ಕಿಕೊಂಡಾಗ ರಾಜ ನೆಲದ ಮೇಲೆ ಅಂಬೆಗಾಲಿಟ್ಟು ಬಿಡಿಸಿದ್ದನ್ನೂ, ಅದಕ್ಕೆ ವಾಲಿಸ್ ಕೃತಜ್ಞತೆಯ ಬದಲು ಕೊಂಕು ಮಾತಾಡಿದ್ದನ್ನೂ ಅವಳು ದಾಖಲಿಸಿದ್ದಾಳೆ.

ಕೊರ್ಫುವಿನಲ್ಲಿ ಗ್ರೀಸಿನ ರಾಜ ಎರಡನೇ ಜಾರ್ಜ್‌ನ ಭೇಟಿಯಾಯಿತು. ಹನ್ನೆರಡು ವರ್ಷ ಪರದೇಶದಲ್ಲಿದ್ದು ಹಿಂದಿನ ವರ್ಷವಷ್ಟೇ ಸಿಂಹಾಸನಕ್ಕೆ ಮರಳಿದ್ದವನು. ಅದೇ ಆಗಸ್ಟ್ 4ರಂದು ಅವನ ಒಪ್ಪಿಗೆಯಿಂದಲೇ ಮೆಟಾಕ್ಸಾಸ್ ಸರ್ವಾಧಿಕಾರಿಯಾಗಿದ್ದ. ಅಲ್ಲಿಂದ 1893ರಲ್ಲಿ ತೆರೆದ, ಆರು ಕಿಲೋಮೀಟರ್ ಚಿಲ್ಲರೆ ಉದ್ದದ ಕೊರಿಂತ್ ಕಾಲುವೆ ದಾಟಿ ಅಥೆನ್ಸ್, ಆಮೇಲೆ ಗಲಿಪೊಲಿಯ ಯುದ್ಧಭೂಮಿ. ಸೆಪ್ಟೆಂಬರ್ 4ಕ್ಕೆ ಇಸ್ತಾಂಬುಲ್‌ನಲ್ಲಿ ಅತಾತುರ್ಕ್ ಖುದ್ದಾಗಿ ಬಂದು ಬರಮಾಡಿಕೊಂಡ.

ಈಗ ನಿಜವಾದ ಸ್ವಾರಸ್ಯ. ಇಬ್ಬರೂ ದೋಣಿಯಲ್ಲಿರುವ, ಅವಳ ಕೈ ಅವನ ತೋಳಿನ ಮೇಲಿರುವ ಫೋಟೋ ಅಮೆರಿಕದ ಪತ್ರಿಕೆಗಳಲ್ಲೆಲ್ಲ ಬಂತು. ಬ್ರಿಟನ್ನಿನಲ್ಲಿ? ಸೊಲ್ಲೇ ಇಲ್ಲ. ರಾಜನ ಚಿತ್ರ ಉಂಟು, ಪಕ್ಕದವಳು ಮಾಯ. ಅಮೆರಿಕದಿಂದ ಬಂದ ವಾರಪತ್ರಿಕೆಗಳಲ್ಲಿ ಆ ಭಾಗಕ್ಕೆ ಕತ್ತರಿ ಹಾಕಿ ಮಾರುತ್ತಿದ್ದರು. ಯಾವ ಕಾನೂನೂ ಇರಲಿಲ್ಲ, ಪತ್ರಿಕೆಯ ದೊರೆಗಳೇ ಬಾಯಿ ಹೊಲಿದುಕೊಂಡಿದ್ದರು. ಅಕ್ಟೋಬರಿನಲ್ಲಿ ವಾಲಿಸ್‌ಳ ವಿಚ್ಛೇದನದ ಮೊಕದ್ದಮೆ ಬಂದಾಗ ರಾಜನೇ ಪತ್ರಿಕೋದ್ಯಮಿ ಬೀವರ್‌ಬ್ರೂಕ್‌ನನ್ನು ಕರೆಸಿ ಸುದ್ದಿ ತಣ್ಣಗಿಡಲು ಕೇಳಿಕೊಂಡ. ಶಿಬೆನಿಕ್‌ನ ಮೀನುಗಾರನಿಗೆ ಗೊತ್ತು, ನ್ಯೂಯಾರ್ಕಿನ ಟ್ಯಾಕ್ಸಿಯವನಿಗೆ ಗೊತ್ತು, ಲಂಡನ್ನಿನ ಅವನ ಪ್ರಜೆಗೆ ಗೊತ್ತಿಲ್ಲ!

ನನಗೆ ಅವನ ಪ್ರೀತಿಯ ಬಗ್ಗೆ ತಕರಾರಿಲ್ಲ. ತಕರಾರಿರುವುದು ಈ ಮುಚ್ಚುಮರೆಯ ಬಗ್ಗೆ. ಸೆಪ್ಟೆಂಬರ್ 23ರಂದು ಅಬರ್ಡೀನ್‌ನಲ್ಲಿ ಆಸ್ಪತ್ರೆಯ ಉದ್ಘಾಟನೆಯಿತ್ತು. ಅಪ್ಪ ತೀರಿಕೊಂಡ ಸೂತಕ ಅಂತ ನೆವ ಹೇಳಿ ತಮ್ಮನನ್ನು ಕಳಿಸಿದ. ಅದೇ ದಿನ ತಾನು ಕಾರು ಓಡಿಸಿಕೊಂಡು ರೈಲ್ವೆ ಸ್ಟೇಷನ್ನಿಗೆ ಹೋದ, ವಾಲಿಸ್‌ಳನ್ನು ಕರೆತರಲು. ಇಂಥದ್ದನ್ನು ಜನ ಮರೆಯಲ್ಲ. ಡಿಸೆಂಬರ್ 3ರಂದು ಪತ್ರಿಕೆಗಳು ಬಾಯಿ ಬಿಟ್ಟವು. ಎಂಟೇ ದಿನದಲ್ಲಿ ಎಲ್ಲ ಮುಗಿದಿತ್ತು. ತಿಂಗಳುಗಟ್ಟಲೆ ಅದುಮಿಟ್ಟ ಸುದ್ದಿಯನ್ನು ಅರಗಿಸಿಕೊಳ್ಳಲು ದೇಶಕ್ಕೆ ಒಂದು ವಾರ.

ನಾಹ್ಲಿನ್ ಆಮೇಲೆ ಏನಾಯ್ತು? 1937ರಲ್ಲಿ ರುಮೇನಿಯಾದ ರಾಜ ಕರೋಲ್‌ನ ಪಾಲಾಯಿತು. ಅವನೂ 1925ರಲ್ಲಿ ಪ್ರೇಯಸಿಗಾಗಿ ಪಟ್ಟದ ಹಕ್ಕು ಬಿಟ್ಟು, 1930ರಲ್ಲಿ ಮರಳಿ ರಾಜನಾದವನು! 1940ರಲ್ಲಿ ಮತ್ತೆ ಪಟ್ಟ ಕಳೆದುಕೊಂಡ. ಕಮ್ಯುನಿಸ್ಟರ ಕಾಲದಲ್ಲಿ ಹಡಗಿಗೆ 'ಸ್ವಾತಂತ್ರ್ಯ' ಎಂಬರ್ಥದ ಹೆಸರಿತ್ತು, ಕೊನೆಗೆ ಡ್ಯಾನ್ಯೂಬ್ ನದಿಯ ಗಲಾಟ್ಸ್ ಊರಿನಲ್ಲಿ ತೇಲುವ ಹೋಟೆಲಾಯಿತು. 1990ರ ದಶಕದ ಕೊನೆಯಲ್ಲಿ ಬ್ರಿಟಿಷರು ಅದನ್ನು ಕೊಂಡು, ಜರ್ಮನಿಯಲ್ಲಿ ಹೊಸದರಂತೆ ಮಾಡಿಸಿದರು.

ಇದನ್ನೆಲ್ಲ ಮೊನ್ನೆ ಫೋನಿನಲ್ಲಿ ಅಜ್ಜಿಗೆ ಕಥೆಯ ಹಾಗೆ ಹೇಳಿದೆ. ರಾಜ್ಯ ಹೋಯ್ತಲ್ಲ ಅಂತ ಅಜ್ಜಿ ಮರುಗಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ: "ಅವರಮ್ಮನಿಗೆ ಯಾವಾಗ ಹೇಳಿದ್ನಂತೆ?"

ನವೆಂಬರ್ 16ರ ಸಂಜೆ. ಅಂದರೆ ಹಡಗು ಹತ್ತಿ ಮೂರು ತಿಂಗಳು ಕಳೆದ ಮೇಲೆ. ಮದುವೆಯ ನಿರ್ಧಾರವನ್ನು ಪ್ರಧಾನಮಂತ್ರಿ ಬಾಲ್ಡ್ವಿನ್‌ಗೆ ಹೇಳಿ, ಆಮೇಲೆ ಅಮ್ಮನ ಮನೆಗೆ ಹೋದ.

"ಅಷ್ಟು ತಡ ಮಾಡಬಾರದಿತ್ತು" ಅಂದರು ಅಜ್ಜಿ.

ನಾನು ಸುಮ್ಮನಾದೆ. ನನ್ನ ಆಫೀಸಿನಲ್ಲಿ ನನ್ನ ಟೀಮಿನವರಿಗೆಲ್ಲ ಗೊತ್ತಿರುವ, ರೂಮ್‌ಮೇಟ್‌ಗೂ ಗೊತ್ತಿರುವ ಒಂದು ವಿಷಯ ನಮ್ಮ ಮನೆಯಲ್ಲಿ ಮಾತ್ರ ಇನ್ನೂ ಗೊತ್ತಿಲ್ಲ. ಎರಡು ವರ್ಷವಾಯಿತು. ಬಿಡೋಕೆ ನನ್ನ ಹತ್ತಿರ ಸಿಂಹಾಸನವೇನೂ ಇಲ್ಲ, ಬರೀ ಅಪ್ಪ ಅಮ್ಮನ ಎದುರು ಕೂತು ಬಾಯಿ ಬಿಡಬೇಕು ಅಷ್ಟೇ. ಬರುವ ಶನಿವಾರಕ್ಕೆ ಊರಿನ ಬಸ್ಸಿಗೆ ಟಿಕೆಟ್ ಮಾಡಿಸಿದ್ದೇನೆ.