ಪೆನ್ಸಿಲ್ ಹಿಡಿದವರು, ಚೌಡಿಕೆ ಹಿಡಿದವರು

1933ರ ಬೇಸಿಗೆಯಲ್ಲಿ ಅಮೆರಿಕದ ಜಾನ್ ಲೋಮ್ಯಾಕ್ಸ್ ಹದಿನೆಂಟರ ಹರೆಯದ ಮಗ ಅಲನ್‌ನನ್ನು ಕರೆದುಕೊಂಡು ದಕ್ಷಿಣ ಸೀಮೆಯ ಜೈಲುಗಳನ್ನು ಸುತ್ತಿದರು. ಕಾರಿನ ಹಿಂಬದಿಯಲ್ಲಿ ನೂರು ಕಿಲೊ ದಾಟುವ ಧ್ವನಿಮುದ್ರಣ ಯಂತ್ರ. ಲೂಸಿಯಾನಾದ ಅಂಗೋಲಾ ಜೈಲಿನಲ್ಲಿ ಅವರಿಗೆ ಲೆಡ್ ಬೆಲಿ ಎಂಬ ಕರಿಯ ಹಾಡುಗಾರ ಸಿಕ್ಕ. ಅದೇ ವರ್ಷ ಕನ್ನಡದಲ್ಲಿ ಹಲಸಂಗಿ ಗೆಳೆಯರ ‘ಜೀವನ ಸಂಗೀತ’ ಅಚ್ಚಾಯಿತು; ಅರ್ಚಕ ಬಿ. ರಂಗಸ್ವಾಮಿಯವರ ‘ಹುಟ್ಟಿದ ಹಳ್ಳಿ ಹಳ್ಳಿಯ ಹಾಡು’ ಕೂಡ ಬಂತು. ಎರಡು ಕಡೆಯೂ ಹಳ್ಳಿಯ ಹಾಡು ಅಳಿದುಹೋದೀತು ಎಂಬ ಒಂದೇ ಕಳವಳ. ಆದರೆ ಅಲ್ಲಿ ಯಂತ್ರ, ಇಲ್ಲಿ ಪೆನ್ಸಿಲ್. ಆಮೇಲಿನ ತೊಂಬತ್ತು ವರ್ಷಗಳಲ್ಲಿ ಕನ್ನಡ ಜನಪದ ಹಾಡು ಹಿಡಿದ ದಾರಿಗೆ ಅರ್ಧ ಕಾರಣ ಈ ವ್ಯತ್ಯಾಸದಲ್ಲೇ ಇದೆ.

ಆ ದಾರಿಯನ್ನು ಧಾರವಾಡದಿಂದಲೋ ಮೈಸೂರಿನಿಂದಲೋ ನೋಡುವುದು ರೂಢಿ. ನಾನು ಅರಸೀಕೆರೆಯ ಕಡೆಯಿಂದ ನೋಡುತ್ತೇನೆ. ಈ ಹೆಸರು ಕೇಳಿದೊಡನೆ ಎಲ್ಲರಿಗೂ ಹಾಸನ ಜಿಲ್ಲೆಯ ರೈಲು ಜಂಕ್ಷನ್ ನೆನಪಾಗುತ್ತದೆ, ಇದು ಅದಲ್ಲ. ಹರಪನಹಳ್ಳಿ ತಾಲ್ಲೂಕಿನ, ಉಚ್ಚಂಗಿದುರ್ಗಕ್ಕೆ ಹತ್ತಿರದ, ಕೋಲಶಾಂತೇಶ್ವರ ಮಠದ ಅರಸೀಕೆರೆ. ಇಲ್ಲಿಂದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳವರೆಗೆ ಹಬ್ಬಿದ ಸೀಮೆಗೆ ಸರ್ಕಾರಿ ವಿಳಾಸ ಬದಲಾಗುತ್ತಲೇ ಬಂದಿದೆ. 1953ರ ವರೆಗೆ ಮದ್ರಾಸಿನ ಆಡಳಿತ, ನಂತರ ಮೈಸೂರು ರಾಜ್ಯ. ಹರಪನಹಳ್ಳಿಯಂತೂ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು. ಹಾಡು ಸಂಗ್ರಹದ ಚರಿತ್ರೆಯಲ್ಲೂ ಈ ಸೀಮೆಗೆ ಇಂಥದೇ ಗತಿ. ಹಲಸಂಗಿ ಇದ್ದದ್ದು ಮುಂಬಯಿ ಪ್ರಾಂತ್ಯದಲ್ಲಿ. ರಂಗಸ್ವಾಮಿಯವರ ಬಂಡಿಹೊಳೆ, ಗೊರೂರು ರಾಮಸ್ವಾಮಿ ಅಯ್ಯಂಗಾರರ ಊರು ಮೈಸೂರು ಸಂಸ್ಥಾನದಲ್ಲಿ. ಮೊದಲ ತಲೆಮಾರಿನ ಹೆಸರಾಂತ ಸಂಕಲನಗಳು ಆ ಎರಡು ಕಡೆಯವು. ನಡುವಿನ ಮದ್ರಾಸ್ ಸೀಮೆಯ ಕನ್ನಡಿಗರು ಹಾಡುತ್ತಿದ್ದರು, ಬರೆದುಕೊಳ್ಳುವವರು ಬರಲಿಲ್ಲ.

ಅದಕ್ಕೂ ಮುಂಚೆ ಬರೆದುಕೊಂಡವರು ಬಿಳಿಯರು. 1871ರಲ್ಲಿ ಚಾರ್ಲ್ಸ್ ಗೋವರ್ ದಕ್ಷಿಣ ಭಾರತದ ಜನಪದ ಹಾಡುಗಳೆಂದು ಪುಸ್ತಕ ತಂದ. ಅದರ ಕನ್ನಡ ಭಾಗದಲ್ಲಿ ಬಹುಪಾಲು ಇರುವುದು ದಾಸರ ಪದಗಳೇ. ಜನರ ಬಾಯಲ್ಲಿದ್ದದ್ದೆಲ್ಲ ಜನಪದ ಎಂದು ಅವನು ಭಾವಿಸಿದ್ದರಲ್ಲಿ ಪೂರ್ತಿ ತಪ್ಪೇನೂ ಇಲ್ಲ. ಈ ಸೀಮೆಯ ಭಜನೆ ಮನೆಗಳಲ್ಲಿ ಇವತ್ತಿಗೂ ದಾಸರ ಪದ, ತತ್ವಪದ, ಊರ ದೇವರ ಪದ ಒಂದರ ಹಿಂದೊಂದು ಬರುತ್ತವೆ. ಇದಕ್ಕಿಂತ ಗಟ್ಟಿಯಾದ ಕೆಲಸ ಶಾಸನತಜ್ಞ ಜೆ.ಎಫ್. ಫ್ಲೀಟನದು. 1880ರ ದಶಕದಲ್ಲಿ ಅವನು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣ ಇದ್ದಾನೆ, ಹಲಗಲಿಯ ಬೇಡರಿದ್ದಾರೆ, ಆದಾಯ ತೆರಿಗೆಯ ಮೇಲೆ ಕಟ್ಟಿದ ಪದವೂ ಇದೆ. ತನ್ನದೇ ಸರ್ಕಾರವನ್ನು ಬೈಯುವ ಹಾಡನ್ನು ಒಬ್ಬ ಅಧಿಕಾರಿ ಶ್ರದ್ಧೆಯಿಂದ ಬರೆದುಕೊಂಡ!

ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬರ ಕೆಲಸ ಬೇರೆ ಜಾತಿಯದು. 1931ರ ‘ಗರತಿಯ ಹಾಡು’, 1933ರ ‘ಜೀವನ ಸಂಗೀತ’, 1935ರ ‘ಮಲ್ಲಿಗೆ ದಂಡೆ’ಗಳಿಂದ ಕನ್ನಡದ ಓದುಗರಿಗೆ ತಮ್ಮ ಅಜ್ಜಿಯರೂ ಕವಿಗಳೆಂದು ಗೊತ್ತಾಯಿತು. ಬೇಂದ್ರೆಯವರ ಕಾವ್ಯದಲ್ಲಿ ತ್ರಿಪದಿ, ಲಾವಣಿಗಳ ಲಯ ಅಷ್ಟು ಸಲೀಸಾಗಿ ಓಡಾಡುವುದಕ್ಕೆ ಹಲಸಂಗಿಯವರೊಂದಿಗಿನ ಅವರ ಗೆಳೆತನವೂ ಒಂದು ಕಾರಣ. 1938ರಲ್ಲಿ ಗೊರೂರರ ‘ಹಳ್ಳಿಯ ಹಾಡುಗಳು’ ಬಂದ ಮೇಲೆ ಎರಡೂ ಸೀಮೆಗಳಲ್ಲಿ ಸಂಗ್ರಹವೇ ಒಂದು ಚಳವಳಿಯಾಯಿತು.

ಆ ಸಂಕಲನಗಳ ಬಗ್ಗೆ ನನಗೆ ಎರಡು ತಕರಾರುಗಳಿವೆ. ಒಂದು, ಪೆನ್ಸಿಲ್ಲಿಗೆ ಮಾತು ಸಿಕ್ಕಿತು, ಮಟ್ಟು ಸಿಗಲಿಲ್ಲ. ಬೀಸುವ ಪದಕ್ಕೆ ಕಲ್ಲು ತಿರುಗುವ ಗತಿಯೇ ತಾಳ. ಕಣದಲ್ಲಿ ಎತ್ತುಗಳ ಹಿಂದೆ ಸುತ್ತುತ್ತ ಹಾಡುವ ಹಂತಿ ಪದಕ್ಕೆ ಇರುಳಿನ ಉದ್ದವೇ ಅಳತೆ. ಅಚ್ಚಿನಲ್ಲಿ ಎರಡೂ ಒಂದೇ ಬಗೆಯ ಮೂರು ಸಾಲಿನ ಪದ್ಯಗಳಾಗಿ ಕಾಣುತ್ತವೆ. ಹಿಟ್ಟಿನ ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರಿದಾಗ, ಟ್ರ್ಯಾಕ್ಟರ್ ಬಂದು ಹಂತಿ ನಿಂತಾಗ ಪದ್ಯಗಳು ಪುಸ್ತಕದಲ್ಲಿ ಉಳಿದವು. ಎಷ್ಟೋ ಮಟ್ಟುಗಳು ಹೇಳುವವರೊಂದಿಗೇ ಹೋದವು. ಎರಡನೆಯದು, ಆ ತಲೆಮಾರು ಯಾರ ಹಾಡನ್ನು ಆರಿಸಿಕೊಂಡಿತು ಎಂಬುದು. ತವರು, ತಾಯಿ, ತೊಟ್ಟಿಲು, ಅಣ್ಣನ ಪ್ರೀತಿ: ಮನೆಯೊಳಗಿನ ಹೆಣ್ಣಿನ ದನಿಗೆ ಅವರು ಮಾರುಹೋದರು. ಬೀದಿಯಲ್ಲಿ, ಜಾತ್ರೆಯಲ್ಲಿ, ಕೈಯೊಡ್ಡಿ ಹಾಡುವ ಹೆಣ್ಣು ಆ ಚಿತ್ರದಲ್ಲಿ ಕೂರುವುದಿಲ್ಲ. ಜೋಗತಿಯನ್ನಾಗಲಿ ಬುರ್ರಕಥೆಯವಳನ್ನಾಗಲಿ ಯಾರೂ ನಾಡಿನ ಹೆಮ್ಮೆ ಎಂದು ಆಗ ತೋರಿಸಲಿಲ್ಲ. ನಮ್ಮ ಸೀಮೆಯಲ್ಲಿ ತುಂಬಿದ್ದವರೇ ಅವರು.

ಸ್ವಾತಂತ್ರ್ಯದ ನಂತರದ ಸಂಸ್ಥೆಗಳ ಕಥೆ ಹಲವರಿಗೆ ಗೊತ್ತಿರುವಂಥದ್ದು. ಬಿ.ಎಸ್. ಗದ್ದಗಿಮಠರು ಜನಪದ ಗೀತೆಗಳ ಮೇಲೆ ಸಂಶೋಧನಾ ಪ್ರಬಂಧ ಬರೆದರು. 1960ರ ದಶಕದ ಕೊನೆಗೆ ಜೀ.ಶಂ. ಪರಮಶಿವಯ್ಯನವರ ದುಡಿಮೆಯಿಂದ ಮೈಸೂರು ವಿಶ್ವವಿದ್ಯಾಲಯದಲ್ಲಿ ಜಾನಪದಕ್ಕೆ ಪಾಠವೂ ವಸ್ತುಸಂಗ್ರಹಾಲಯವೂ ಆದವು. ಎಸ್.ಕೆ. ಕರೀಂಖಾನರು ಊರೂರು ಅಲೆದು ಹಾಡು ಕೂಡಿಸಿದರು. ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿ, ಮುಂದೆ ರಾಮನಗರದ ಬಳಿ ಜಾನಪದ ಲೋಕ ನಿಲ್ಲಿಸಿದರು. ನಮ್ಮ ಮಗ್ಗುಲಿಗೆ ಬಂದದ್ದು 1991ರ ಹಂಪಿ ಕನ್ನಡ ವಿಶ್ವವಿದ್ಯಾಲಯ. ಅಲ್ಲಿಂದ ಮುಂದೆ ಬಿಡಿ ಹಾಡಿಗಿಂತ ಇಡೀ ಕಾವ್ಯದ ಮೇಲೆ ಗಮನ ಹೊರಳಿತು.

ಹಾಡಿಗೆ ದನಿ ಮರಳಿದ್ದು ಇನ್ನೊಂದು ಬಾಗಿಲಿಂದ. ಪಿ. ಕಾಳಿಂಗರಾಯರು ಮೋಹನಕುಮಾರಿ, ಸೋಹನಕುಮಾರಿಯರೊಂದಿಗೆ ವೇದಿಕೆ ಹತ್ತಿ ಹಾಡತೊಡಗಿದಾಗ ಪಟ್ಟಣದವರು ಜನಪದ ಗೀತೆಗೆ ಟಿಕೆಟ್ ಕೊಂಡರು. ಅಮೆರಿಕದಲ್ಲಿ ವೀವರ್ಸ್ ಎಂಬ ನಾಲ್ವರ ತಂಡ ಮಾಡಿದ ಕೆಲಸವನ್ನೇ ಇದು ಹೋಲುತ್ತದೆ. ಲೆಡ್ ಬೆಲಿಯಿಂದ ಬಂದ ‘ಗುಡ್‌ನೈಟ್ ಐರೀನ್’ ಹಾಡನ್ನು ಅವರು ವಾದ್ಯಮೇಳ ಕೂಡಿಸಿ ನಯಗೊಳಿಸಿದರು. 1950ರಲ್ಲಿ ಅದು ಹದಿಮೂರು ವಾರ ಪಟ್ಟಿಯ ತುದಿಯಲ್ಲಿತ್ತು. ಲೆಡ್ ಬೆಲಿ ಆ ಹೊತ್ತಿಗೆ ಇರಲಿಲ್ಲ. 1949ರ ಡಿಸೆಂಬರಿನಲ್ಲಿ ಬಡತನದಲ್ಲೇ ತೀರಿಕೊಂಡಿದ್ದ. ಕಾಳಿಂಗರಾಯರ ಕಂಠವನ್ನು ಮೆಚ್ಚದವರಿಲ್ಲ. ಆದರೂ ವೇದಿಕೆಯ ಜನಪದ ಗೀತೆಗೆ ಅಲ್ಲಿಂದಲೇ ಹಾರ್ಮೋನಿಯಂ, ತಬಲಾ, ಮೂರು ನಿಮಿಷಗಳ ಅಳತೆ ಕಾಯಂ ಆದವು. ಆಕಾಶವಾಣಿ, ಶಾಲೆಯ ವಾರ್ಷಿಕೋತ್ಸವ, ಯುವಜನ ಮೇಳ ಎಲ್ಲವೂ ಆ ಅಚ್ಚನ್ನೇ ಹಿಡಿದವು.

ಅಮೆರಿಕದಲ್ಲಿ ಹಳೆಯ ಹಾಡು ಕಾರ್ಮಿಕ ಸಂಘಕ್ಕೂ ಕರಿಯರ ಹಕ್ಕಿನ ಹೋರಾಟಕ್ಕೂ ಬಂದ ಹಾಗೆ ಇಲ್ಲಿ ಬೀದಿಗೆ ಬಂತು. 1975ರ ‘ಸಮುದಾಯ’ ರಂಗತಂಡ, ದಲಿತ ಸಂಘರ್ಷ ಸಮಿತಿ, ಬಂಡಾಯದ ಜಾಥಾಗಳು ಹಳ್ಳಿಯ ಮಟ್ಟಿಗೆ ಹೊಸ ಮಾತು ಕೂಡಿಸಿದವು. ಸಿದ್ದಲಿಂಗಯ್ಯನವರ ಹಾಡುಗಳು ಪುಸ್ತಕಕ್ಕಿಂತ ಹಲಗೆಯ ಪೆಟ್ಟಿನೊಂದಿಗೆ ಹೆಚ್ಚು ಊರು ಮುಟ್ಟಿದವು. 1990ರ ಭಾರತ ಜ್ಞಾನ ವಿಜ್ಞಾನ ಜಾಥಾ, ಬೆನ್ನಿಗೆ ಬಂದ ಸಾಕ್ಷರತಾ ಆಂದೋಲನದ ಕಲಾಜಾಥಾಗಳಲ್ಲಿ ಹಳ್ಳಿಯ ಹುಡುಗ ಹುಡುಗಿಯರೇ ಹಾಡುಗಾರರಾದರು. ಈ ಹಾಡುಗಳನ್ನು ಜನಪದ ಎನ್ನಬಾರದು ಎಂದು ಪಂಡಿತರು ವಾದಿಸಿದ್ದುಂಟು. ಆದಾಯ ತೆರಿಗೆಯ ಮೇಲೆ ಲಾವಣಿ ಕಟ್ಟಿದವನನ್ನು ಮೊದಲು ಹೊರಗೆ ಹಾಕಿ, ಆಮೇಲೆ ಈ ಮಾತು ಆಡಬೇಕು.

ಇನ್ನು ದರೋಜಿ ಈರಮ್ಮ. ಕೂಡ್ಲಿಗಿಗೆ ನೆರೆಯ ಸಂಡೂರು ತಾಲ್ಲೂಕಿನ ದರೋಜಿಯ ಅಲೆಮಾರಿ ಬುಡ್ಗಜಂಗಮ ಕುಲದ ಹೆಂಗಸು. ಮನೆಯ ಮಾತು ತೆಲುಗು, ಹಾಡಿನ ಮಾತು ಕನ್ನಡ. ಅಕ್ಷರ ಕಲಿತವಳಲ್ಲ. ಕುಮ್ಮಟದುರ್ಗದ ಕುಮಾರರಾಮನಿಂದ ಹಿಡಿದು ಬಾಲನಾಗಮ್ಮ, ಬೊಬ್ಬಿಲಿಯ ಕಥೆಗಳವರೆಗೆ ಹನ್ನೆರಡು ಕಾವ್ಯಗಳು ಅವಳ ನೆನಪಿನಲ್ಲಿದ್ದವು. ಬುರ್ರಕಥೆಯಲ್ಲಿ ಹಾಡು, ಮಾತು, ಕುಣಿತ, ಜೊತೆಗಾರ್ತಿಯರ ಸೊಲ್ಲು ಎಲ್ಲ ಬೆರೆತಿರುತ್ತದೆ. ಒಂದು ಕಥೆ ರಾತ್ರಿಗಟ್ಟಲೆ ನಡೆಯುತ್ತದೆ. ಇಂಥವಳನ್ನು ಪೆನ್ಸಿಲ್ಲಿನಲ್ಲಿ ಹಿಡಿಯಲಾಗುತ್ತಿರಲಿಲ್ಲ. ಟೇಪ್‌ರೆಕಾರ್ಡರ್ ಬಂದ ಕಾಲಕ್ಕೆ ಅವಳು ಬದುಕಿದ್ದದ್ದು ನಮ್ಮ ಭಾಗ್ಯ. ಕನ್ನಡ ವಿಶ್ವವಿದ್ಯಾಲಯ ನಾಡೋಜ ಕೊಟ್ಟು ಗೌರವಿಸಿತು, 2014ರಲ್ಲಿ ತೀರಿಕೊಂಡಳು. ಲೆಡ್ ಬೆಲಿಗೆ ಸಿಗದ ಮರ್ಯಾದೆ ಈಕೆಗೆ ಸಿಕ್ಕಿತು ಎನ್ನೋಣ. ಆದರೆ ಈರಮ್ಮನಿಗೆ ಕೇಳುಗರಾಗಿದ್ದವರು, ಕಥೆಯ ಮುಂದಿನ ಭಾಗಕ್ಕೆ ಮಾರನೆಯ ರಾತ್ರಿ ಕಂಬಳಿ ಹೊದ್ದು ಬಂದು ಕೂರುತ್ತಿದ್ದ ಊರಿನವರು, ಈಗ ಟಿ.ವಿ. ಧಾರಾವಾಹಿಯ ಮುಂದಿದ್ದಾರೆ.

ಜೋಗತಿಯರ ಹಾಡಿನ ಕಥೆ ಇನ್ನೂ ಗೋಜಲು. ಚೌಡಿಕೆ ಎಂಬ ತಂತಿವಾದ್ಯ, ಶ್ರುತಿ, ತಾಳ, ತಲೆಯ ಮೇಲೆ ದೇವಿಯ ಮೂರ್ತಿಯಿಟ್ಟ ಬುಟ್ಟಿ ‘ಜಗ’: ಎಲ್ಲಮ್ಮನ ಕಥೆಯನ್ನು ಊರೂರಿಗೆ ಹೊತ್ತವರು ಇವರು. ಅರಸೀಕೆರೆಗೆ ಹತ್ತಿರದ ಉಚ್ಚಂಗಿದುರ್ಗದ ಗುಡ್ಡಕ್ಕೆ ಜಾತ್ರೆಯಲ್ಲಿ ಜನ ಏರುವಾಗ ಈ ಹಾಡು ಕೇಳದ ಕಿವಿ ಇಲ್ಲ. ಆದರೆ ಅದೇ ಗುಡ್ಡ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರಾಗಿಸುವ ಪದ್ಧತಿಗೂ ಹೆಸರಾಗಿತ್ತು. ಅದನ್ನು ತಡೆಯುವ ಮದ್ರಾಸಿನ 1947ರ ಕಾನೂನು ಈ ಸೀಮೆಗೆ ಅನ್ವಯಿಸುತ್ತಿತ್ತು. 1982ರಲ್ಲಿ ಕರ್ನಾಟಕ ಇಡೀ ರಾಜ್ಯಕ್ಕೆ ದೇವದಾಸಿ ಸಮರ್ಪಣೆ ನಿಷೇಧಿಸಿತು. ನಿಲ್ಲಬೇಕಾದ ಪದ್ಧತಿಯೇ ಅದು, ಅದರಲ್ಲಿ ಎರಡು ಮಾತಿಲ್ಲ. ಹಾಗಾಗಿ ಇಲ್ಲಿ ಹಾಡನ್ನು ಉಳಿಸಿ ಎಂದು ಸುಮ್ಮನೆ ಕೂಗುವವರನ್ನು ಕಂಡರೆ ನನಗೆ ಅಂಜಿಕೆ. ಹಾಡು ಹುಟ್ಟಿದ್ದೇ ಒಂದು ಅನ್ಯಾಯದ ಮಡಿಲಲ್ಲಾದರೆ ಉಳಿಸುವುದು ಹೇಗೆ?

ಇದಕ್ಕೆ ಉತ್ತರ ಕೊಟ್ಟವರು ಪಂಡಿತರಲ್ಲ, ಮಂಜಮ್ಮ ಜೋಗತಿ. ಕುರುಗೋಡಿನ ಹತ್ತಿರದ ಕಲ್ಲುಕಂಬದಲ್ಲಿ ಗಂಡಾಗಿ ಹುಟ್ಟಿ, ಹೆಣ್ಣಾಗಿ ಬದುಕಲು ಹೊರಟು, ಮನೆಯಿಂದ ಹೊರಬಿದ್ದವರು. ಕಾಳವ್ವ ಜೋಗತಿಯ ತಂಡದಲ್ಲಿ ಹಾಡು, ಕುಣಿತ ಕಲಿತು, ಅವರ ನಂತರ ತಂಡ ನಡೆಸಿ, ಮರಿಯಮ್ಮನಹಳ್ಳಿಯಲ್ಲಿ ನೆಲೆ ನಿಂತರು. ದೇವರ ಹೆಸರಲ್ಲಿ ಭಿಕ್ಷೆಗೆ ನಿಲ್ಲುತ್ತಿದ್ದ ಜೋಗತಿ ನೃತ್ಯ, ಎಲ್ಲಮ್ಮನ ಕಥೆಯ ಆಟ ಅವರ ಕಾಲಕ್ಕೆ ರಂಗದ ಮೇಲೆ ಸಂಭಾವನೆ ಪಡೆಯುವ ಕಲೆಯಾದವು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆ, 2021ರಲ್ಲಿ ಪದ್ಮಶ್ರೀ. ರಾಷ್ಟ್ರಪತಿಗೆ ಸೆರಗಿನಿಂದ ದೃಷ್ಟಿ ತೆಗೆದ ಆ ಗಳಿಗೆಯನ್ನು ದೇಶವೇ ನೋಡಿತು. ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ ಅವರ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’ ಓದಿದರೆ ಪ್ರಶಸ್ತಿಯ ಹಿಂದಿನ ಹಸಿವು ತಿಳಿಯುತ್ತದೆ. ಕನ್ನಡ ಜನಪದ ಹಾಡಿನ ಪುನರುಜ್ಜೀವನದಲ್ಲಿ ಇದು ದೊಡ್ಡ ತಿರುವು ಎಂದು ನನ್ನ ತೀರ್ಮಾನ: ಸಂಗ್ರಹಿಸುವವರು ಅಕಾಡೆಮಿಯ ಕುರ್ಚಿಯಲ್ಲಿ, ಹಾಡುವವರು ಚಾಪೆಯ ಮೇಲೆ ಎಂಬ ಹಳೆಯ ಏರ್ಪಾಡನ್ನು ಅವರು ಅಧ್ಯಕ್ಷರಾಗಿ ಕೂತ ದಿನವೇ ಮುರಿದರು.

ಎಲ್ಲ ಹಾಡಿಗೂ ಪುನರುಜ್ಜೀವನ ಬೇಕಿರಲಿಲ್ಲ ಎನ್ನುವುದನ್ನೂ ಹೇಳಬೇಕು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಗೊರವರು ಡಮರುಗ ಹಿಡಿದು ಬರುತ್ತಾರೆ. ಬಿಲ್ಲೇರಿದ ಗೊರವಯ್ಯ ನುಡಿಯುವ ಕಾರಣಿಕಕ್ಕೆ ಲಕ್ಷಗಟ್ಟಲೆ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಮೊಹರಂ ಬಂದರೆ ಮುಸ್ಲಿಮರ ಮನೆಯೇ ಇಲ್ಲದ ಊರಲ್ಲೂ ಅಲಾಯಿ ಕುಣಿಯ ಸುತ್ತ ರಿವಾಯತ್ ಪದ ಎದ್ದೇಳುತ್ತದೆ. ಇವಕ್ಕೆ ಅಕಾಡೆಮಿಯ ಹಂಗಿಲ್ಲ. ಬೀಸುವ ಪದ ಕೆಲಸಕ್ಕೆ ಅಂಟಿಕೊಂಡಿತ್ತು, ಕೆಲಸದೊಂದಿಗೆ ಹೋಯಿತು. ಇವು ಹರಕೆಗೆ ಅಂಟಿಕೊಂಡಿವೆ, ಹರಕೆ ಇರುವ ತನಕ ಇರುತ್ತವೆ.

ಸಿನಿಮಾ ಬಂದ ಮೇಲೆ ಜಗಳಗಳೂ ಬಂದವು. 1996ರ ‘ಜನುಮದ ಜೋಡಿ’ಯಿಂದ ಮಾದಪ್ಪನ ‘ಕೋಲುಮಂಡೆ’ ಪದ ರಾಜ್ಯಕ್ಕೆಲ್ಲ ಗೊತ್ತಾಯಿತು. ಆಗ ಯಾರೂ ಸಿಟ್ಟಾಗಲಿಲ್ಲ. 2020ರಲ್ಲಿ ಚಂದನ್ ಶೆಟ್ಟಿ ಅದನ್ನೇ ರ‍್ಯಾಪ್ ಮಾಡಿದಾಗ ಮಾದಪ್ಪನ ಭಕ್ತೆ ಶರಣೆ ಸಂಕಮ್ಮನನ್ನು ತೋರಿಸಿದ ರೀತಿಗೆ ಭಕ್ತರು ಕೆರಳಿ, ವಿಡಿಯೊ ಹಿಂದಕ್ಕೆ ಹೋಯಿತು. 1965ರ ನ್ಯೂಪೋರ್ಟ್ ಉತ್ಸವದಲ್ಲಿ ಬಾಬ್ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದಾಗಲೂ ಗದ್ದಲವಾಗಿತ್ತು. ಅಲ್ಲಿ ಸಿಟ್ಟಾದವರು ಹಾಡಿನ ಅಭಿಮಾನಿಗಳು, ಇಲ್ಲಿ ದೇವರ ಒಕ್ಕಲು. ಅಲ್ಲಿ ವಾದ್ಯ ಕೆಟ್ಟಿತೆಂಬ ದೂರು, ಇಲ್ಲಿ ತಾಯಿಗೆ ಅವಮಾನವಾಯಿತೆಂಬ ನೋವು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಈಗ ಜನಪದ ಎಂದು ಯೂಟ್ಯೂಬಿನಲ್ಲಿ ಹುಡುಕಿದರೆ ಮೊದಲು ಸಿಗುವುದು ಮಾಳು ನಿಪನಾಳರಂಥ ಉತ್ತರ ಕರ್ನಾಟಕದ ಹುಡುಗರ ಡಿ.ಜೆ. ಹಾಡುಗಳು. ಗುರುರಾಜ ಹೊಸಕೋಟೆಯವರ ಕ್ಯಾಸೆಟ್ ಕಾಲದಿಂದ ಬಂದ ದಾರಿಯೇ ಇದು. ಡ್ರೈವರ್, ಟ್ರ್ಯಾಕ್ಟರ್, ಕೈಕೊಟ್ಟ ಹುಡುಗಿ ಇದರ ವಸ್ತು. ಕೊಟ್ಟೂರು ತೇರಿನಿಂದ ಮದುವೆ ಮೆರವಣಿಗೆಯವರೆಗೆ ಇದರದೇ ಸದ್ದು. ಇದರಲ್ಲಿ ಕಸವೂ ಬೇಕಾದಷ್ಟಿದೆ. ಆದರೂ ಹಳ್ಳಿಯವರು ತಮ್ಮ ದುಡ್ಡು ಕೊಟ್ಟು, ತಮ್ಮ ಮಾತಿನಲ್ಲಿ, ಯಾರ ಅಪ್ಪಣೆಯೂ ಇಲ್ಲದೆ ಕಟ್ಟುತ್ತಿರುವ ಹಾಡು ಇದೊಂದೇ.

ಕನ್ನಡ ಜನಪದ ಎಂಬ ಹೆಸರಿನಡಿ ಸೇರದೆ ಉಳಿದದ್ದು ಲಂಬಾಣಿ ಹಾಡು. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿಗಳ ತಾಂಡಾಗಳಲ್ಲಿ ದೀಪಾವಳಿಗೆ ಹುಡುಗಿಯರು ಹಾಡುವ ಪದಗಳ ಮಾತು ಗೋರ್‌ಬೋಲಿ. ಕಬ್ಬು ಕಡಿಯಲು, ಕಾಫಿ ತೋಟಕ್ಕೆ ಗುಳೆ ಹೋದ ಮನೆಗಳು ಹಬ್ಬಕ್ಕೆ ಊರಿಗೆ ಬಂದಾಗ ಆ ಹಾಡುಗಳೂ ಬರುತ್ತವೆ. ಹುಡುಗರು ಮೊಬೈಲಿನಲ್ಲಿ ಹಿಡಿದು ಹಾಕುತ್ತಾರೆ. ಹಾಡಿದವಳ ಹೆಸರಾಗಲಿ ತಾಂಡಾದ ಹೆಸರಾಗಲಿ ಅದರಲ್ಲಿ ಇರುವುದು ಅಪರೂಪ. 1994ರ ಕೃತಿಸ್ವಾಮ್ಯ ತಿದ್ದುಪಡಿ ಹಾಡುವವರಿಗೂ ತಮ್ಮ ಪ್ರದರ್ಶನದ ಮೇಲೆ ಹಕ್ಕು ಕೊಟ್ಟಿದೆ. ಹೆಸರೇ ಇಲ್ಲದವಳು ಅದನ್ನು ಕೇಳಲು ಯಾವ ಕಚೇರಿಗೆ ಹೋಗಬೇಕು?